ಪಾಠ ನಿಲ್ಲುವ ಜಾಗ

ತೋಳು ಇನ್ನೂ ಉದ್ದವೇ ಇದೆ, ಎರಡು ಸಲ ಮಡಚಿ ಹೊಲಿದರೂ ಗುಬ್ಬಿಯ ಬೆರಳುಗಳು ಹೊರಗೆ ಬಂದಿಲ್ಲ, ಬಿಳಿ ಬಟ್ಟೆಯ ತುದಿಗಳು ಹಗ್ಗದ ಮೇಲೆ ಒಣಗಲು ಹಾಕಿದ ದಿಂಬಿನ ಚೀಲಗಳ ಹಾಗೆ ಜೋತಾಡುತ್ತಿವೆ, ಇನ್ನೊಂದು ಮಡಿಕೆ ಹಾಕಬೇಕು, ಹಾಕಿದರೆ ಅಂಚಿನಲ್ಲಿರುವ ಆಸ್ಪತ್ರೆಯ ಮುದ್ರೆಯೂ ಒಳಗೆ ಸೇರಿಹೋಗುತ್ತದೆ — ತಗೊಂಡು ಹೋಗಮ್ಮಾ, ಹೇಗೂ ಚಿಂದಿಗೆ ಹೋಗೋ ಬಟ್ಟೆ, ಅಂದಿದ್ದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಮೇಲ್ವಿಚಾರಕ, ಹರಿದ ಹಾಸುಬಟ್ಟೆಯಲ್ಲಿ ಒಬ್ಬ ಪ್ರವಾದಿಯ ಅಂಗಿ ಅಡಗಿದೆಯೆಂದು ಅವನಿಗೇನು ಗೊತ್ತು, ಹರಿದದ್ದನ್ನು ಹರಿದೇ ಇಲ್ಲವೇನೋ ಎನ್ನುವ ಹಾಗೆ ಹೊಲಿಯುವುದು ಅಲ್ಲಿ ಈ ಅಜ್ಜಿಯ ಕೆಲಸ, ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ — ಚುಚ್ತು ಟೀಚರಜ್ಜೀ, ಗುಬ್ಬಿ ಕಿರುಚುತ್ತಾಳೆ, ಚುಚ್ಚಿಲ್ಲ ಕಣೇ ನಾಟಕದವಳೇ, ಸೂಜಿ ಇನ್ನೂ ನನ್ನ ಬಾಯಲ್ಲೇ ಇದೆ ಎನ್ನೋಣವೆಂದರೆ ಬಾಯಿ ತೆರೆಯುವಂತಿಲ್ಲ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡವಳು ಮಾತಾಡಬಾರದು, ಆಡಿದರೆ ಚುಚ್ಚುವುದು ತನಗೇ, ಎಷ್ಟು ವರ್ಷದಿಂದ ಹೀಗೆ ಕಚ್ಚಿಕೊಂಡಿದ್ದಾಳೆ, ಇನ್ನು ನಾಳೆಯವರೆಗೆ ತಾನೇ, ನಾಳೆ ಮಕ್ಕಳ ನಾಟಕ, ಬೈಬಲಿನ ಪ್ರವಾದಿ ಸಮುವೇಲನ ಕಥೆ, ಪ್ರಾರ್ಥನಾ ಮಂದಿರದ ಸಭೆಯವರೆಲ್ಲ ಬಂದು ಕೂರುತ್ತಾರೆ, ಮೊದಲ ಬೆಂಚಿನ ಮೂಲೆಯಲ್ಲಿ ಸಭೆಯ ಹಿರಿಯರು, ಮೊಣಕಾಲುಗಳ ನಡುವೆ ಕೋಲು, ಪಕ್ಕದಲ್ಲಿ ಅವರ ಕಿರಿಮಗ, ಗುಬ್ಬಿಯ ಅಪ್ಪ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಮಗಳು ವೇದಿಕೆ ಹತ್ತುವುದನ್ನು ನೋಡಲು ಕತ್ತು ಉದ್ದ ಮಾಡಿಕೊಂಡು — ಮಾಡಿಕೊಳ್ಳಲಿ, ಚೆನ್ನಾಗಿ ಉದ್ದ ಮಾಡಿಕೊಳ್ಳಲಿ. ಗುಂಡುಸೂಜಿ ತೆಗೆದು ಡಬ್ಬಿಗೆ ಹಾಕಿದಳು, ಬನ್ರೋ ಎಲ್ಲ, ಕೂತ್ಕೊಳ್ಳಿ, ಮೊದಲಿಂದ ಒಂದು ಸಲ ಹೇಳ್ತೀನಿ, ನಾಳೆ ಯಾರಾದ್ರೂ ಮಾತು ಮರೆತ್ರೋ ನಿಮ್ಮ ಕಿವಿ ನನ್ನ ಕೈಲಿರುತ್ತೆ, ಎಂದರೆ ಮಕ್ಕಳಿಗೆ ನಗು, ಈ ಅಜ್ಜಿ ಯಾರ ಕಿವಿಯನ್ನೂ ಹಿಂಡಿದವಳಲ್ಲ ಎಂದು ಅವಕ್ಕೆ ಗೊತ್ತು, ಬಲು ತಾಳ್ಮೆ ನಮ್ಮ ಟೀಚರಜ್ಜಿಗೆ ಎಂದು ಅವರ ಅಮ್ಮಂದಿರೂ ಹೇಳುತ್ತಾರೆ, ತಾಳ್ಮೆಯಂತೆ, ಕೆಂಡವನ್ನು ಬೂದಿ ಮುಚ್ಚಿ ಇಟ್ಟರೆ ಅದಕ್ಕೂ ತಾಳ್ಮೆ ಅಂತಾರೇನೋ.

ಒಬ್ಬಳು ಹೆಂಗಸಿದ್ದಳು, ಹನ್ನ ಅಂತ, ಅವಳಿಗೆ ಮಕ್ಕಳಿರಲಿಲ್ಲ, ಸವತಿ ಇದ್ದಳು, ಸವತಿ ಅಂದ್ರೇನು ಟೀಚರಜ್ಜೀ, ಅದು ನಿಮಗೆ ಬೇಡ, ಚುಚ್ಚಿ ಮಾತಾಡೋಳು ಅಂತ ಇಟ್ಕೊಳ್ಳಿ, ಹನ್ನ ದೇವಾಲಯಕ್ಕೆ ಹೋಗಿ ಅತ್ತಳು, ಒಂದು ಮಗು ಕೊಡು, ಕೊಟ್ಟರೆ ನಿನಗೇ ಒಪ್ಪಿಸ್ತೀನಿ ಅಂತ ಬೇಡಿಕೊಂಡಳು, ತುಟಿ ಅಲ್ಲಾಡ್ತಿತ್ತು, ಧ್ವನಿ ಬರ್ತಿರಲಿಲ್ಲ, ಬಾಗಿಲ ಹತ್ತಿರ ಕೂತಿದ್ದ ಮುದಿ ಯಾಜಕ ಏಲಿ ನೋಡಿದ, ನೋಡಿ ಏನಂದ — ಕುಡಿದಿದ್ದೀಯಾ ಅಂದ, ಎಂದು ಮುಂದಿನ ಹಲ್ಲುಬಿದ್ದ ಹುಡುಗ ಚಿಟ್ಟನೆ ಚೀರಿದ, ಹತ್ತಿಯ ಗಡ್ಡ ಅಂಟಿಸಿಕೊಂಡು ಏಲಿಯಾಗುವವನು ಅವನೇ, ಆ ಒಂದು ಮಾತಿಗಾಗಿಯೇ ಆ ಪಾತ್ರ ಕೇಳಿ ಪಡೆದಿದ್ದಾನೆ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕುಡಿದಿದ್ದೀಯಾ, ಕುಡಿದಿದ್ದೀಯಾ, ತೂರಾಡುತ್ತ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಗಲಿ, ಅವಕ್ಕೇನು, ಅವಳಿಗೂ ನಗು ಬರಬಹುದಿತ್ತು, ಹಿರಿಯರ ಮನೆಯ ಜಗಲಿಯಲ್ಲಿ ಅವತ್ತು ಬೆಳಗ್ಗೆ ನಿಂತಿರದಿದ್ದರೆ, ರಾತ್ರಿಯಿಡೀ ಕೂಡಿಸಿಟ್ಟ ಮಾತು ಅವರ ಮುಖ ನೋಡಿದ ಕೂಡಲೇ ಹೊರಡದೆ ತುಟಿ ಮಾತ್ರ ಅದುರಿರದಿದ್ದರೆ, ಅವರು ಒಂದು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡವರ ಹಾಗೆ ಮಾಡಿ, ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಬಂದಿದ್ದೀಯೇನಮ್ಮಾ, ಮನೆಗೆ ಹೋಗಿ ಮಲ್ಕೋ ಅನ್ನದಿದ್ದರೆ, ಒಳಗಿನಿಂದ ಕಿರಿಮಗ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಇಣುಕಿ ನೋಡಿ ಮರೆಯಾಗದಿದ್ದರೆ. ಹೆಂಡ ಹೇಗಿರುತ್ತದೆಂದು ಕಾಣದ ನಾಲಿಗೆ ಇದು, ಅದು ಅವರಿಗೂ ಗೊತ್ತಿತ್ತು. ಏಲಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಸಮಾಧಾನದಿಂದ ಹೋಗು ತಾಯಿ ಎಂದು ಹರಸಿ ಕಳಿಸಿದ, ಅಷ್ಟರಮಟ್ಟಿಗೆ ಆ ಮುದುಕ ಇವರಿಗಿಂತ ವಾಸಿ — ಆಮೇಲೆ ಟೀಚರಜ್ಜೀ, ಆಮೇಲೆ, ಆಮೇಲೆ ಮಗು ಹುಟ್ಟಿತು, ಸಮುವೇಲ ಅಂತ ಹೆಸರಿಟ್ಟಳು, ಮೊಲೆ ಬಿಡಿಸಿದ ಮೇಲೆ ಆಡಿದ ಮಾತಿನಂತೆ ಕರ್ಕೊಂಡು ಹೋಗಿ ದೇವಾಲಯದಲ್ಲಿ ಬಿಟ್ಟಳು, ಅಳಲಿಲ್ವಾ ಅವನು, ಅತ್ತಿರಬೇಕು, ಬರೆದಿಲ್ಲ, ಅವಳು ವರ್ಷ ವರ್ಷ ಒಂದು ಪುಟ್ಟ ಅಂಗಿ ಹೊಲಿದು ತಗೊಂಡು ಹೋಗೋಳು, ಮಗು ಎಷ್ಟು ಬೆಳೆದಿರಬಹುದು ಅಂತ ಮನಸ್ಸಲ್ಲೇ ಅಳತೆ ಹಾಕಿ, ಅದಕ್ಕೇ ತೋಳು ಉದ್ದ ಆಗಿದೆ ಎಂದಳು ಗುಬ್ಬಿ, ಎರಡು ತೋಳನ್ನೂ ರೆಕ್ಕೆಯಂತೆ ಬಡಿದು.

ಅಳತೆ — ಟೀಚರಜ್ಜಿಯೂ ಮನಸ್ಸಿನಲ್ಲೇ ಹಾಕುತ್ತಾಳೆ, ತನ್ನ ಮಗಳು ಈಗ ದಪ್ಪಗಾಗಿದ್ದಾಳೋ ಸಣ್ಣಗಾಗಿದ್ದಾಳೋ, ಬೇರೆ ಊರಿನ ಯಾವುದೋ ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ, ಫೋನು ಮಾಡಿದಾಗ ಹಿಂದೆ ಬೀದಿಯ ಸದ್ದೆಲ್ಲ ಕೇಳುತ್ತದೆ, ಬಾಗಿಲು ಹಾಕ್ಕೊಂಡು ಮಾತಾಡೇ ಎಂದು ಒಮ್ಮೆ ಬಾಯಿತಪ್ಪಿ ಅಂದುಬಿಟ್ಟಿದ್ದಳು, ಮಗಳು, ಅಮ್ಮಾ ನನ್ನ ರೂಮಿನ ಬಾಗಿಲಿಗೆ ಚಿಲಕ ಇಲ್ಲ, ಬಿಚ್ಚಿಸಿಬಿಟ್ಟೆ ಅಂದಳು, ಯಾವ ಬಾಡಿಗೆ ಮನೆಗೆ ಹೋದರೂ ಮೊದಲು ಮಾಡುವುದು ಅದೇ, ಪಾತ್ರೆ ಪೆಟ್ಟಿಗೆ ಇಳಿಸುವುದಕ್ಕೂ ಮುಂಚೆ, ಮೊಳೆ ಕಿತ್ತ ತೂತುಗಳು ಬಾಗಿಲ ಮೇಲೆ ಹಾಗೇ ಉಳಿಯುತ್ತವೆ, ಮನೆ ಒಡೆಯರು ಬೈಯುತ್ತಾರೆ. ಚಿಲಕ ಅಂದರೆ ಈ ಕೋಣೆಯದು, ಪ್ರಾರ್ಥನಾ ಮಂದಿರದ ಹಿಂದಿನ ಇದೇ ಕೋಣೆ, ಅಗೋ ಬಾಗಿಲ ಮೇಲ್ಭಾಗದಲ್ಲಿ ಆ ಕಬ್ಬಿಣದ ಚಿಲಕ, ಆಗಲೂ ಇದೇ ಬಣ್ಣ ಕಿತ್ತುಹೋದ ಚಿಲಕ, ಮಗಳಿಗೆ ಮದುವೆ ಗೊತ್ತಾಗಿತ್ತು, ಶನಿವಾರ ಶನಿವಾರ ಬಂದು ನೆಲ ಒರೆಸಿ ಬೆಂಚು ಸಾಲು ಮಾಡಿ ಹೋಗುತ್ತಿದ್ದಳು, ಹಿರಿಯರ ಕಿರಿಮಗ ಒಳಗೆ ಬಂದ ಅಮ್ಮಾ, ಚಿಲಕ ಹಾಕಿದ, ನಾನು ಕೂಗಿದೆ ಅಮ್ಮಾ, ಹೊರಗೆ ಕೋಲಿನ ಸದ್ದು ಬಂತು, ಟಪ್, ಟಪ್, ಬಾಗಿಲ ಹತ್ತಿರ ಬಂದು ನಿಂತಿತು, ಇನ್ನೇನು ತಟ್ತಾರೆ, ಇನ್ನೇನು ತಟ್ತಾರೆ ಅಂತ ಕಾದೆ, ತಟ್ಟಲಿಲ್ಲ ಅಮ್ಮಾ, ಹೋಯಿತು, ಟಪ್, ಟಪ್, ಹೋಯಿತು. ಅವನು ಮಾಡಿದ್ದನ್ನು ಮಗಳು ಒಂದೇ ಸಲ ಹೇಳಿದ್ದಾಳೆ, ಕೋಲಿನದನ್ನು ಮಾತ್ರ ಎಷ್ಟು ಸಲವೋ. ಹಿರಿಯರ ಕೋಲಿನ ತುದಿಗೆ ಒಂದು ಕಪ್ಪು ರಬ್ಬರಿನ ಬಿರಡೆ ಇದೆ, ನುಣುಪು ನೆಲದಲ್ಲಿ ಜಾರದಿರಲೆಂದು, ಜಾರಲಿಲ್ಲ ಅವರು ಎಲ್ಲೂ, ಮಗನಿಗೆ ಆ ವರ್ಷವೇ ಮದುವೆ ಮಾಡಿ ಮುಗಿಸಿದರು, ಇವಳ ಮಗಳ ಮದುವೆ ಮುರಿದು ಬಿತ್ತು, ಕೆಲವು ವರ್ಷ ಬಿಟ್ಟು ಒಂದು ದಿನ ಕರೆದು, ನಿಮಗೆ ಮಕ್ಕಳೆಂದರೆ ಇಷ್ಟ ಅಲ್ವೇನಮ್ಮಾ, ಭಾನುವಾರದ ಪಾಠ ನೀವೇ ನೋಡಿಕೊಳ್ಳಿ, ಎಂದು ಭಿಕ್ಷೆ ಹಾಕಿದರು, ಹಾಕಿ ಕೈ ತೊಳೆದುಕೊಂಡರು, ಆಗಲಿ ದೊಡ್ಡವರೇ ಎಂದು ಇವಳು ತಲೆಬಾಗಿ ಈ ಕೋಣೆಯ ಬೀಗದಕೈ ಇಸಿದುಕೊಂಡಳು. ಅದೇ ಕೈಯಲ್ಲಿ ಅಕ್ಷರ ತಿದ್ದಿದ್ದೂ ಆಮೇಲೆಯೇ, ಮುದುಕಿಗೆ ಯಾಕೆ ಓದು ಎಂದು ನಕ್ಕವರ ನಡುವೆ, ಸಮುವೇಲನ ಪಾಠವನ್ನು ಬಾಯಿಂದ ಕೇಳಿ ಬಲ್ಲವಳು ಪುಸ್ತಕ ತೆರೆದು ಅಕ್ಷರ ಕೂಡಿಸಿ ಕೂಡಿಸಿ ಓದಿದಾಗ ಕಂಡಿತು, ಮಕ್ಕಳಿಗೆ ಹೇಳುವ ಪಾಠ ಯಾವಾಗಲೂ ನಿಲ್ಲುವ ಜಾಗದಲ್ಲಿ ಕಥೆ ನಿಂತಿಲ್ಲ. ರಾತ್ರಿ ದೇವರು ಸಮುವೇಲಾ ಎಂದು ಕರೆಯುತ್ತಾನೆ, ಹುಡುಗ ಏಲಿ ಕರೆದನೆಂದು ಓಡಿಹೋಗುತ್ತಾನೆ, ನಾನು ಕರೀಲಿಲ್ಲ ಮಲ್ಕೋ ಹೋಗು, ಮತ್ತೆ, ಮತ್ತೆ, ಕೊನೆಗೆ ಮುದುಕನಿಗೇ ಹೊಳೆದು, ಇನ್ನೊಮ್ಮೆ ಕರೆದರೆ ಹೇಳು ಸ್ವಾಮೀ ಕೇಳ್ತಿದ್ದೀನಿ ಅನ್ನು ಎಂದು ಕಲಿಸಿಕೊಡುತ್ತಾನೆ, ಹುಡುಗ ಹಾಗೇ ಅನ್ನುತ್ತಾನೆ, ಅಲ್ಲಿಗೆ ಚಪ್ಪಾಳೆ, ಮಂಗಳ, ಬಿಸ್ಕತ್ತು ಹಂಚುವುದು. ಹೇಳು ಸ್ವಾಮೀ ಎಂದ ಮೇಲೆ ಸ್ವಾಮಿ ಏನು ಹೇಳಿದನೆಂದು ಒಂದು ಮಗುವೂ ಕೇಳುವುದಿಲ್ಲ. ಏಲಿಯ ಗಂಡುಮಕ್ಕಳು ದೇವಾಲಯದ ಬಾಗಿಲಲ್ಲಿ ಕೆಲಸ ಮಾಡುವ ಹೆಂಗಸರನ್ನು ಕೆಡಿಸಿದರು, ಏಲಿಗೆ ಗೊತ್ತಿತ್ತು, ತಡೆಯಲಿಲ್ಲ, ಅವನ ಮನೆತನಕ್ಕೆ ಇನ್ನು ಏಳಿಗೆಯಿಲ್ಲ — ಅದನ್ನು ಹೇಳಿದ, ಅದನ್ನು ಹೋಗಿ ಏಲಿಗೆ ಹೇಳಬೇಕಾಗಿ ಬಂದದ್ದು ಆ ಮಗುವಿಗೆ. ಬೆರಳಿಟ್ಟು ಓದಿದ್ದಳು, ಬೆರಳು ಅಲ್ಲೇ ನಿಂತುಬಿಟ್ಟಿತ್ತು, ಬಾಗಿಲಲ್ಲಿ ಕೆಲಸ ಮಾಡುವ ಹೆಂಗಸರು.

ಸರಿ, ನೀವೆಲ್ಲ ಹೋಗಿ ಅಂಗಳದಲ್ಲಿ ಆಡ್ಕೊಳ್ಳಿ, ಗಡ್ಡ ಬಿಚ್ಚಿಟ್ಟು ಹೋಗೋ, ನಾಳೆಗೆ ಬೇಕು, ಗುಬ್ಬಿ ನೀನಿರು ನಿಂದೊಂದು ಮಾತು ಬಾಕಿ ಇದೆ — ಬೇಕೆಂದೇ ಬಾಕಿ ಉಳಿಸಿದ್ದು, ಮೊದಲೇ ಕಲಿಸಿದರೆ ಹುಡುಗಿ ಮನೆಯಲ್ಲಿ ಊಟಕ್ಕೆ ಕೂತಾಗ ಒಪ್ಪಿಸಿಬಿಡುತ್ತಾಳೆ, ಒಂದು ಸಲ ಕೇಳಿದರೆ ಸಾಕು ಇವಳಿಗೆ, ಬಟ್ಟೆಗೆ ಶಾಯಿ ಹತ್ತಿದ ಹಾಗೆ ಹತ್ತುತ್ತದೆ, ಅದಕ್ಕೇ ಹಟ ಮಾಡಿ ಸಮುವೇಲನ ಪಾತ್ರಕ್ಕೆ ಹುಡುಗಿಯನ್ನು ಹಾಕಿದ್ದು, ಹಿರಿಯರಿಗೋ ಹಿಗ್ಗು, ನಮ್ಮ ಗುಬ್ಬಿಯೇ ಪ್ರವಾದಿಯಂತೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಾರೆ. ಹೇಳು ಮಗಾ, ನನ್ನ ಹಿಂದೆ ಹೇಳು, ಮೊದಲ ಬೆಂಚಿನ ಮೂಲೆ ಕಡೆ ನೋಡ್ಕೊಂಡು ಹೇಳಬೇಕು ಗೊತ್ತಾಯ್ತಾ, ನಿನ್ನ ಮಕ್ಕಳು ಕೆಟ್ಟದ್ದು ಮಾಡಿದರು, ನಿನ್ನ ಮಕ್ಕಳು ಕೆಟ್ಟದ್ದು ಮಾಡಿದರು, ನಿನಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು, ನೀನು ತಡೆಯಲಿಲ್ಲ — ಎಂಥ ಧ್ವನಿ, ಗಂಟೆ ಹೊಡೆದ ಹಾಗೆ, ಅವಳ ಎದೆಯಲ್ಲಿ ಏನೋ ಸಿಹಿಯಾಗಿ ಹರಿಯಿತು, ನಾಳೆ ಹೀಗೇ ಹೇಳಬೇಕು, ಅವರ ಬಾಯಿ ಒಣಗಬೇಕು, ಅವನು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಒದ್ದಾಡಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು, ಏನೂ ಗೊತ್ತಿಲ್ಲದೆ ಜೋರಾಗಿ ತಟ್ಟಬೇಕು. ಟೀಚರಜ್ಜೀ, ಗುಬ್ಬಿ ತೋಳಿನ ತುದಿಯನ್ನು ಬಾಯಲ್ಲಿಟ್ಟು ಅಗಿಯುತ್ತಿದ್ದಾಳೆ, ಏಲಿ ತಾತಂಗೆ ಬೇಜಾರಾಗಲ್ವಾ, ಆಗ್ಲಿ, ಅವನು ತಪ್ಪು ಮಾಡಿದ್ದ, ಸಮುವೇಲಂಗೆ ಊಟ ಹಾಕ್ತಿದ್ದು ಅವನೇ ತಾನೆ, ಹೌದು, ಮತ್ತೆ ಸಮುವೇಲಂಗೆ ಭಯ ಆಗ್ಲಿಲ್ವಾ ಹೇಳೋಕೆ, ಆಯ್ತು, ಬೆಳಗಾಗೋ ತನಕ ಹಾಗೇ ಮಲಗಿದ್ದ, ಎದ್ದು ದೇವಾಲಯದ ಬಾಗಿಲು ತೆಗೆದ, ಹೇಳೋಕೆ ಹೆದರಿಕೊಂಡು ನಿಂತಿದ್ದ ಅಂತ ಬರೆದಿದೆ. ಹುಡುಗಿ ಯೋಚಿಸಿದಳು, ದೇವರು ದೊಡ್ಡೋನಲ್ವಾ, ಅವನೇ ಹೋಗಿ ಹೇಳ್ಬೋದಿತ್ತಲ್ಲ, ಅಷ್ಟು ಚಿಕ್ಕೋರ ಕೈಲಿ ಯಾಕೆ ಹೇಳಿಸ್ದ. ಬಾಯ್ಮುಚ್ಚೇ ಎನ್ನಬೇಕೆನ್ನಿಸಿತು, ನೀನು ಹುಟ್ಟಿದ್ದೇ ನನ್ನ ಮಗಳ ಬಾಯಿ ಮುಚ್ಚಿಸಿದ ಮನೆಯಲ್ಲಿ, ಪ್ರಶ್ನೆ ಕೇಳ್ತಾಳೆ ದೊಡ್ಡ ಪಂಡಿತೆ, ಅನ್ನಲಿಲ್ಲ, ಡಬ್ಬಿಯಿಂದ ಗುಂಡುಸೂಜಿ ತೆಗೆದು ಮತ್ತೆ ತುಟಿಯಲ್ಲಿಟ್ಟುಕೊಂಡಳು, ಅಂಚು ಮಡಿಸಲು ಬಗ್ಗಿದಳು, ಬಗ್ಗಿದಾಗ ಹುಡುಗಿ ಕೈಯಿಂದ ಜಾರಿಕೊಂಡಳು, ತಾಳಿ ತಾಳಿ, ಬಾಗಿಲು ತೆಗೆಯೋದನ್ನ ಮಾಡಿ ತೋರಿಸ್ತೀನಿ ನೋಡಿ, ತೆಗೀಬೇಕಾದ್ರೆ ಮೊದ್ಲು ಹಾಕಿರಬೇಕಲ್ಲ, ಎಂದು ಮೊಳಕಾಲೆತ್ತರದ ಸ್ಟೂಲನ್ನು ದರದರ ಎಳೆದುಕೊಂಡು ಹೋಗಿ, ಬಾಗಿಲಿಗೆ ಒತ್ತಿಟ್ಟ ಕಲ್ಲನ್ನು ಕಾಲಲ್ಲಿ ಸರಿಸಿ, ಬಾಗಿಲು ದೂಡಿ, ಸ್ಟೂಲು ಹತ್ತಿ, ಎರಡೂ ಕೈಯಲ್ಲಿ —

ಚಿಲಕ ಬಿತ್ತು. ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು, ಇಷ್ಟೇ ಇರುತ್ತದೆಯೇ ಅದು, ಇಷ್ಟು ಸಣ್ಣ ಸದ್ದೇ, ಅವಳು ಇದನ್ನು ಕೇಳಿಯೇ ಇರಲಿಲ್ಲ, ಈ ಕೋಣೆಗೆ ಬಂದಷ್ಟು ಭಾನುವಾರವೂ ಬಾಗಿಲಿಗೆ ಕಲ್ಲು ಒತ್ತಿಟ್ಟು ತೆರೆದೇ ಪಾಠ ಮಾಡಿದವಳು, ಈಗ ಒಳಗೆ ಅರೆಗತ್ತಲು, ಒಂದು ಹೆಣ್ಣುಮಗು, ಚಿಲಕ ಹಾಕಿದ ಬಾಗಿಲು, ಮಗುವಿನ ಬಾಯಲ್ಲಿ ಅದಕ್ಕೆ ಅರ್ಥವಾಗದ್ದನ್ನು ತುರುಕುತ್ತಿರುವ ಒಂದು ದೊಡ್ಡ ಜೀವ — ಅದು ತಾನು, ಬೇರೆ ಯಾರೂ ಅಲ್ಲ, ತಾನು, ನಾಳಿದ್ದು ಈ ಹುಡುಗಿಗೆ ಯಾರಾದರೂ ಬಿಡಿಸಿ ಹೇಳುತ್ತಾರೆ, ನಿನ್ನೆ ನೀನಂದದ್ದು ನಿಮ್ಮಪ್ಪನ ಬಗ್ಗೆ ಕಣೇ ಎಂದು, ಆಮೇಲೆ ಇವಳೂ ಯಾವುದೋ ಊರಿನಲ್ಲಿ ಯಾವುದೋ ಬಾಗಿಲಿಂದ ಏನನ್ನು ಕೀಳಿಸುತ್ತಾಳೋ — ಟಪ್. ಹೊರಗೆ. ಟಪ್, ಟಪ್, ಮೊಮ್ಮಗಳನ್ನು ಕರೆದೊಯ್ಯಲು ಬಂದರು, ಬಂದು ಬಾಗಿಲ ಹತ್ತಿರ ನಿಂತಿತು ಕೋಲು. ಬಾಗಿಲು ಒಂದು ಸಲ ಅಲ್ಲಾಡಿತು. ಗುಬ್ಬೀ. ಬಾಗಿಲು ಮತ್ತೆ ಅಲ್ಲಾಡಿತು, ಗುಬ್ಬೀ, ಯಾರು ಚಿಲಕ ಹಾಕಿದ್ದು, ಒಳಗೆ ಯಾರಿದ್ದೀರಿ, ತೆಗೀರಿ, ಮೊದಲು ಬಾಗಿಲು ತೆಗೀರಿ, ಕೈಯಿಂದ ಬಡಿದರು, ಸಾಲದೆ ಕೋಲಿನಿಂದ ಬಡಿದರು, ದಢ್ ದಢ್, ಹಲಗೆ ನಡುಗಿ ಮೇಲಿನಿಂದ ಸುಣ್ಣದ ಪುಡಿ ಉದುರಿತು, ಯಾರಾದ್ರೂ ಬನ್ರೋ, ನನ್ನ ಮೊಮ್ಮಗಳು ಒಳಗಿದಾಳೆ, ಆ ಧ್ವನಿ ಅವಳು ಕೇಳಿದ್ದೇ ಇಲ್ಲ, ಅಂಥದೊಂದು ಧ್ವನಿ ಅವರಲ್ಲಿ ಇತ್ತೆಂದು ಯಾರಿಗೆ ಗೊತ್ತಿತ್ತು, ಗುಬ್ಬಿ ಸ್ಟೂಲಿನ ಮೇಲೆ ಕಿಲಕಿಲ ನಗುತ್ತಾಳೆ, ತಾತ ಹೆದರ್ಕೊಂಡ್ರು, ತೆಗೀಲಾ ಟೀಚರಜ್ಜೀ, ಇರು, ಕಚ್ಚಿದ ಗುಂಡುಸೂಜಿಗಳ ಸಂದಿಯಿಂದಲೇ ಅಂದಳು, ಚುಚ್ಚಿದರೆ ಚುಚ್ಚಲಿ. ಇರು ಮಗಾ, ಸ್ವಲ್ಪ ಹೊತ್ತು. ಬಡಿಯಲಿ. ಇನ್ನೂ ಬಡಿಯಲಿ, ಆ ಕೈ ಇದ್ದದ್ದೇ ಇದಕ್ಕೆ, ಒಂದೊಂದು ಏಟನ್ನೂ ಅವಳು ನೀರು ಕಾಣದವಳ ಹಾಗೆ ಕುಡಿದಳು, ಕುಡಿಯುತ್ತಲೇ ಗುಬ್ಬಿಯನ್ನು ಕೆಳಗಿಳಿಸಿಕೊಂಡು ತಲೆಯ ಮೇಲಿಂದ ಅಂಗಿ ಎಳೆದು ತೆಗೆದಳು, ನೋಡು, ಆ ಕೊನೆ ಮಾತು ನಾಳೆ ನೀನು ಹೇಳ್ಬೇಡ, ಮರೆತುಬಿಡು, ಹೇಳು ಸ್ವಾಮೀ ಅಂತ ಅಲ್ಲಿಗೆ ನಿಲ್ಸು, ಮತ್ತೆ ಆ ಮಾತು ಯಾರು ಹೇಳ್ತಾರೆ, ಅದು ನಂದು ಮಗಾ, ನಾನು ಹೇಳ್ತೀನಿ, ಸ್ಟೂಲು ಸರಿಸಿ ತಾನೇ ಕೈ ಎತ್ತಿ ಚಿಲಕ ತೆಗೆದಳು, ಬಾಗಿಲು ಒಳಕ್ಕೆ ಬಂತು, ಬೆಳಕು ಬಂತು, ಹಿರಿಯರ ಮುಖವೆಲ್ಲ ಬೆವರು, ಪೊರೆ ಬಂದ ಕಣ್ಣುಗಳು ಗಾಳಿಯಲ್ಲಿ ಹುಡುಕುತ್ತ, ಮಗೂ, ಯಾರು, ಏನು ಮಾಡಿದ್ರು ನಿನಗೆ, ಏನಿಲ್ಲ ತಾತಾ ನಾಟಕ, ಎಂದು ಹುಡುಗಿ ಅವರ ಕಂಕುಳ ಕೆಳಗೆ ನುಸುಳಿ ಅಂಗಳಕ್ಕೆ ಓಡಿದಳು, ಏನಮ್ಮಾ ಇದು, ಬುದ್ಧಿ ಇದೆಯಾ ನಿಮಗೆ, ಯಾಕೆ ಚಿಲಕ ಹಾಕಿದ್ರಿ, ಅವಳು ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು, ಈ ಸಲ ತುಟಿ ಅದುರಲಿಲ್ಲ, ಹಾಗಾದರೆ ತಟ್ಟೋಕೆ ಬರುತ್ತೆ ನಿಮಗೆ, ಅಂದಳು, ಮೆತ್ತಗೆ, ಮಕ್ಕಳಿಗೆ ಪಾಠ ಹೇಳುವಷ್ಟೇ ಮೆತ್ತಗೆ, ನನ್ನ ಮಗಳು ಒಳಗೆ ಕೂಗ್ತಿದ್ದಾಗ ತಟ್ಟೋಕೆ ಬರಲ್ವೇನೋ ಅಂದ್ಕೊಂಡಿದ್ದೆ, ನಾಳೆ ಎಲ್ಲರೆದುರಿಗೂ ಕೇಳ್ತೀನಿ, ಮಗನನ್ನೂ ಕರ್ಕೊಂಡು ಬನ್ನಿ ದೊಡ್ಡವರೇ. ಅವರ ಬಾಯಿ ತೆರೆಯಿತು, ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ, ಅವಳು ಅವರ ಮುಖ ನೋಡುತ್ತಿಲ್ಲ, ಕೆಳಗೆ ನೋಡುತ್ತಿದ್ದಾಳೆ, ಹೊಸ್ತಿಲ ಮೇಲೆ ಕೋಲಿನ ತುದಿ, ಸವೆದ ಕಪ್ಪು ರಬ್ಬರಿನ ಬಿರಡೆ, ಅದರ ಸುತ್ತ ಉದುರಿದ ಸುಣ್ಣದ ಪುಡಿ, ಇನ್ನು ಎತ್ತುತ್ತಾರೆ, ಇನ್ನು ಹೋಗುತ್ತದೆ, ಟಪ್ ಎನ್ನುತ್ತದೆ — ಇಲ್ಲ, ನಿಂತಿದೆ, ಒಳಗೂ ಬಾರದೆ, ಹೋಗಲೂ ಆಗದೆ, ಬಾಗಿಲ ಹತ್ತಿರ, ಕೋಲು, ನಿಂತಿದೆ