ಹತ್ತನೆಯ ದಿನದ ಆಟ

ಬ್ಯಾಡಗಿಯ ಪಿಂಜಾರ ಗೂಡುಸಾಬನ ಮನೆಯಲ್ಲಿ ಹತ್ತಿಯ ಎಳೆ ಹಾರಾಡದ ಮೂಲೆಯೇ ಇರಲಿಲ್ಲ. ಅವನು ಹಗಲೆಲ್ಲ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಮಗಳು ಮುಮ್ತಾಜಬಿ ಅರಿವೆ ಹೊಲಿದು, ಹತ್ತಿ ತುಂಬಿ, ದೊಡ್ಡ ದಬ್ಬಣದಿಂದ ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ತಾಯಿ ರಮಜಾನಬಿ ತೀರಿಕೊಂಡಾಗ ಮುಮ್ತಾಜಬಿಗೆ ಹನ್ನೊಂದು ವರ್ಷ, ತಮ್ಮ ಜಹಾಂಗೀರನಿಗೆ ನಾಲ್ಕು. ಅವತ್ತಿನಿಂದ ಅವನಿಗೆ ಉಣಿಸಿದ್ದು, ಎರೆದದ್ದು, ಸಾಲಿಗೆ ಕಳಿಸಿದ್ದು ಎಲ್ಲ ಇವಳೇ. ಮದುವೆಯ ಮಾತು ಬಂದಾಗಲೆಲ್ಲ "ಅವಂದು ಎಸ್ಸೆಲ್ಸಿ ಮುಗೀಲಿ, ಆಮ್ಯಾಲೆ ನೋಡೋಣು" ಎಂದು ಮುಂದಕ್ಕೆ ಹಾಕುತ್ತ ಬಂದಿದ್ದಳು.

ಜಹಾಂಗೀರನಿಗೆ ಓದು ಅಷ್ಟಕ್ಕಷ್ಟೇ. ಕಬಡ್ಡಿ ಎಂದರೆ ಮಾತ್ರ ಜೀವ. ಉದ್ದ ಕಾಲು, ಸಣ್ಣ ಸೊಂಟ. ಎದುರಿನವರ ಅಂಕಣಕ್ಕೆ ನುಗ್ಗಿದನೆಂದರೆ ಒಬ್ಬಿಬ್ಬರನ್ನು ಮುಟ್ಟದೆ ತಿರುಗಿ ಬರುತ್ತಿರಲಿಲ್ಲ. ಹೈಸ್ಕೂಲಿನ ಆಟದ ಮಾಸ್ತರ ಅಂದಾನೆಪ್ಪನವರು ಒಮ್ಮೆ ಮನೆಗೇ ಬಂದು, "ಗೂಡುಸಾಬ, ನಿನ್ನ ಮಗ ಜಿಲ್ಲಾ ತಂಡಕ್ಕ ಆಡ್ತಾನ, ಬರದಿಟ್ಟಕೋ" ಎಂದು ಹೇಳಿ ಹೋಗಿದ್ದರು. ಅವತ್ತು ಗೂಡುಸಾಬ ಓಣಿಯ ನಾಲ್ಕು ಮನೆಗೆ ಆ ಮಾತು ಹೇಳಿ ಬಂದ.

ಅದು ಎಂಬತ್ತೆಂಟರ ಜನವರಿ. ಒಂದು ಭಾನುವಾರ ಕದರಮಂಡಲಗಿಯಲ್ಲಿ ಓಣಿಯ ಹುಡುಗರ ಪಂದ್ಯ ಇತ್ತು, ಮಾಸ್ತರರು ಹೋಗಿರಲಿಲ್ಲ. ಜಹಾಂಗೀರ ನುಗ್ಗಿದಾಗ ಮೂವರು ಒಟ್ಟಿಗೆ ಅವನ ಮೇಲೆ ಬಿದ್ದರು. ಬೀಳುವಾಗ ಒಬ್ಬನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಎರಡು ನಿಮಿಷ ಅವನು ಕಣ್ಣು ತೆರೆಯಲಿಲ್ಲ. ಮುಖಕ್ಕೆ ನೀರು ಹೊಡೆದರು, ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಎದ್ದ. ಮಂದಿ ಚಪ್ಪಾಳೆ ತಟ್ಟಿದರು. ಮತ್ತೆ ಆಡಿ ಗೆದ್ದೇ ಬಂದ.

ಸಂಜೆ ಮನೆಯಲ್ಲಿ ರೊಟ್ಟಿ ಮುರಿಯುತ್ತ ಕೂತವನು, "ಅಕ್ಕಾ, ನಾವು ಎಷ್ಟ ಪಾಯಿಂಟಿನ್ಯಾಗ ಗೆದ್ವಿ?" ಎಂದ.

"ನೀನ ಈಗ ಹೇಳಿದೆಲ್ಲೊ, ಏಳು ಅಂತ."

"ಹೌದಲ್ಲಾ" ಎಂದು ನಕ್ಕ. ಎರಡು ತುತ್ತು ಉಂಡು ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ಕೇಳಿದಾಗ ಮುಮ್ತಾಜಬಿಯ ಕೈಯಲ್ಲಿನ ಸೌಟು ನಿಂತಿತು.

ಬಿದ್ದ ಸಂಗತಿ ಅವನ ಬಾಯಿಂದ ಹೊರಬಂತು. ಮರುದಿನ ಅಪ್ಪ ಹತ್ತಿ ತರಲು ಹಾವೇರಿಗೆ ಹೋದ ಹೊತ್ತು ನೋಡಿ ಅವಳು ತಮ್ಮನನ್ನು ಸರಕಾರಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಗೆರೆಯ ಮೇಲೆ ನಡೆಸಿದರು, ಬಂದ ದಾರಿ ಕೇಳಿದರು.

"ಇಪ್ಪತ್ತೊಂದು ದಿವಸ ಆಟ ಬಂದ್. ಓಡೂದೂ ಬ್ಯಾಡ" ಎಂದರು. "ಕೈಕಾಲಿಗೆ ಪೆಟ್ಟಾದ್ರ ಬಾವು ಕಾಣತೈತಿ. ಮೆದುಳಿಗಾದ್ರ ಕಾಣೂದಿಲ್ಲ. ಅದು ಮಾಯೂದರೊಳಗ ಇನ್ನೊಂದು ಸಣ್ಣ ಪೆಟ್ಟು ಬಿದ್ರೂ ಜೀವಕ್ಕ ಬರತೈತಿ. ತಿಳೀತೇನವಾ?"

"ತಿಳೀತರಿ."

ದವಾಖಾನೆಯ ಗೇಟು ದಾಟುತ್ತಲೇ ಜಹಾಂಗೀರ ಅವಳ ಕೈ ಹಿಡಿದ. ಪೆಟ್ಟು ಬಿದ್ದ ದಿನದಿಂದ ಹತ್ತನೆಯ ದಿನಕ್ಕೆ ರಾಣೆಬೆನ್ನೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ಆ ದಿನ ಆಡದವನ ಹೆಸರು ಯಾರೂ ಬರೆದುಕೊಳ್ಳುವುದಿಲ್ಲ.

"ಅಕ್ಕಾ, ಅಪ್ಪಗ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ."

"ಮಾಸ್ತರಿಗರೆ ಹೇಳು."

"ನಾನ ಹೇಳ್ತೇನಿ. ಅವ್ರು ಬ್ಯಾಡ ಅಂದ್ರ ಆಡೂದಿಲ್ಲ. ಆತಲ್ಲ?"

ಎರಡು ದಿನ ಬಿಟ್ಟು ಕೇಳಿದಳು. "ಹೇಳೇನಿ, ಆರಾಮಿದ್ರ ಆಡು ಅಂದ್ರು" ಎಂದ. ಅವನು ಸುಳ್ಳು ಹೇಳುವಾಗ ಎಡಗಿವಿ ಕೆರೆದುಕೊಳ್ಳುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವತ್ತೂ ಕೆರೆದುಕೊಂಡ. ಅವಳು ನೋಡಿಯೂ ಸುಮ್ಮನಾದಳು. ಜಿಲ್ಲಾ ತಂಡದ ಬನಿಯನ್ ತೊಟ್ಟು ತಮ್ಮ ಓಣಿಯಲ್ಲಿ ನಡೆದು ಬರುವುದನ್ನು ನೋಡುವ ಆಸೆ ಅವಳಿಗೂ ಇತ್ತು. ಗಾದಿ ಹೊಲಿಯುವ ಮನೆಯಿಂದ ಯಾರಾದರೂ ಒಬ್ಬರು ಹೆಸರು ಮಾಡಲಿ ಎಂದು ಅವಳಿಗೆ ಅನಿಸುತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ ಅವನು ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದ. ಹಿತ್ತಲಿನ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದ. ಮುಮ್ತಾಜಬಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಏನಾತೋ?"

"ರಾತ್ರಿ ಮಿರ್ಚಿ ತಿಂದಿದ್ನಿ. ಪಿತ್ತ."

"ಜಹಾಂಗೀರಾ, ಖರೇ ಹೇಳು. ತಲಿ ನೋಯತೈತೇನು?"

"ಸ್ವಲ್ಪ. ಇವತ್ತೊಂದ ದಿನ ಅಕ್ಕಾ. ನಾಳೆಯಿಂದ ತಿಂಗಳಗಟ್ಲೆ ಮಲಗ್ತೇನಿ."

ಒಳಗೆ ಅಪ್ಪ ಮಗನ ಬೂಟಿನ ಲೇಸು ಬಿಡಿಸುತ್ತ ಹಾಡು ಗುನುಗುತ್ತಿದ್ದ. ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು. ಅವಳು ಒಂದು ತಲೆನೋವಿನ ಗುಳಿಗೆ ಕೊಟ್ಟು, ರೊಟ್ಟಿ ಕಟ್ಟಿ, ಕಳಿಸಿದಳು.

ಮಧ್ಯಾಹ್ನ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರು ತಾವೇ ಅವರ ಮನೆಯ ಬಾಗಿಲಿಗೆ ಬಂದರು. ಆ ಭಾಗದಲ್ಲಿ ಫೋನು ಇದ್ದದ್ದು ಅವರ ಅಂಗಡಿಯಲ್ಲಿ ಮಾತ್ರ. ಅವರು ಚಪ್ಪಲಿ ಬಿಡದೆ ಒಳಗೆ ಬಂದದ್ದನ್ನು ಕಂಡೇ ಮುಮ್ತಾಜಬಿ ದಬ್ಬಣ ಕೆಳಗಿಟ್ಟಳು.

"ಗೂಡುಸಾಬ, ಹುಡುಗ ಆಡ್ತಾ ಬಿದ್ದಾನಂತ. ಎಚ್ಚರ ಇಲ್ಲ. ಹುಬ್ಬಳ್ಳಿಗೆ ಒಯ್ಯಾಕತ್ತಾರ. ನನ್ನ ಜೀಪಿನ್ಯಾಗ ಹತ್ರಿ, ಲಗೂ."

ಹುಬ್ಬಳ್ಳಿಯ ಆಸ್ಪತ್ರೆಯ ಜಗಲಿಯಲ್ಲಿ ಅಂದಾನೆಪ್ಪ ಮಾಸ್ತರರು ನಿಂತೇ ಇದ್ದರು. ಅವರ ಅಂಗಿಯ ತುಂಬ ಮೈದಾನದ ಕೆಂಪು ಮಣ್ಣು. ದೊಡ್ಡ ಪೆಟ್ಟೇನೂ ಅಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಹಿಡಿಯಲು ಬಂದವನ ಭುಜ ಇವನ ಗದ್ದಕ್ಕೆ ತಾಗಿತ್ತು, ಅಷ್ಟೇ. ಜಹಾಂಗೀರ ಬಿಡಿಸಿಕೊಂಡು ಎದ್ದಿದ್ದ. ಆದರೆ ತನ್ನ ಅಂಕಣಕ್ಕೆ ತಿರುಗದೆ, ಮಂದಿ ಕೂತ ಕಡೆಗೆ ನಡೆದು ಹೋಗಿ, ಅಲ್ಲೇ ನೆಲದ ಮೇಲೆ ಕೂತು, ಮೆಲ್ಲಗೆ ಒರಗಿಬಿಟ್ಟಿದ್ದ.

ತಲೆಬುರುಡೆ ಬಿಚ್ಚಬೇಕೆಂದು ದೊಡ್ಡ ಡಾಕ್ಟರರು ಹೇಳಿದರು. ಕಾಗದಕ್ಕೆ ಗೂಡುಸಾಬನ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತ ಕೇಳಿದರು: "ಇದಕ್ಕೂ ಮೊದಲು ತಲೆಗೆ ಪೆಟ್ಟು ಬಿದ್ದಿತ್ತೇನು?"

"ಇಲ್ರಿ ಸಾಹೇಬ್ರ" ಎಂದ ಗೂಡುಸಾಬ.

"ಬಿದ್ದಿತ್ತರಿ" ಎಂದಳು ಮುಮ್ತಾಜಬಿ. ಡಾಕ್ಟರರ ಎದುರಿಗೆ ಬಂದು ಮತ್ತೊಮ್ಮೆ ಹೇಳಿದಳು. "ಬಿದ್ದಿತ್ತರಿ. ಹತ್ತು ದಿವಸಾತು. ಇಪ್ಪತ್ತೊಂದು ದಿನ ಆಡಬ್ಯಾಡ ಅಂದಿದ್ರು. ಇವತ್ತ ಮುಂಜಾನೆ ವಾಂತಿನೂ ಮಾಡ್ಕೊಂಡ. ನನಗ ಗೊತ್ತಿತ್ತರಿ."

ಡಾಕ್ಟರರು ಬರೆದುಕೊಂಡು ಒಳಗೆ ಹೋದರು. ಗೂಡುಸಾಬ ಮಗಳನ್ನು ಒಮ್ಮೆ ನೋಡಿ, ಗೋಡೆಗೆ ಮುಖ ಮಾಡಿ ಕೂತ. ಅಂದಾನೆಪ್ಪನವರು ನೆಲ ನೋಡುತ್ತಿದ್ದರು.

ಜಹಾಂಗೀರ ಹದಿನೆಂಟು ದಿನದ ಮೇಲೆ ಕಣ್ಣು ಬಿಟ್ಟ. ಎರಡು ತಿಂಗಳ ಮೇಲೆ ಮನೆಗೆ ಬಂದ. ಬಂದವನು ಬೇರೆ ಯಾರೋ. ಬಲಗೈ ಎತ್ತಲು ಬರುತ್ತಿರಲಿಲ್ಲ. ಒಂದು ಮಾತು ಆಡಬೇಕಾದರೆ ಅದನ್ನು ಆಳದಿಂದ ಎಳೆದು ತೆಗೆಯುವವನಂತೆ ಹೊತ್ತು ಹಿಡಿಯುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟು ಬೀಸಿ ಒಗೆಯುತ್ತಿದ್ದ. ಗಳಿಗೆ ಬಿಟ್ಟು, ಒಗೆದದ್ದು ಯಾರೆಂದು ಕೇಳುತ್ತಿದ್ದ. ಹದಿನಾರು ವರ್ಷದ ಹುಡುಗನಿಗೆ ಮುಮ್ತಾಜಬಿ ಮತ್ತೆ ಗುಂಡಿ ಹಾಕುವುದನ್ನು ಕಲಿಸಿದಳು.

ಗೂಡುಸಾಬ ಮಗಳೊಡನೆ ಮಾತು ಬಿಟ್ಟಿದ್ದ. ಒಂದು ಮಧ್ಯಾಹ್ನ ಹತ್ತಿ ಹಿಂಜುವುದನ್ನು ನಿಲ್ಲಿಸಿ, ಬಿಲ್ಲು ಗೋಡೆಗೆ ಒರಗಿಸಿ, ತಾನಾಗಿ ಮಾತು ತೆಗೆದ.

"ನೀ ಹೇಳಿದ್ರ ನಾ ತಡೀತಿದ್ನಿ ಅಂತ ನಿನ್ನ ಮ್ಯಾಲೆ ಸಿಟ್ಟ ಮಾಡೇನಿ. ದಿನಾ ವಿಚಾರ ಮಾಡಾಕತ್ತೇನಿ ಮುಮ್ತಾಜ. ತಡೀತಿರಲಿಲ್ಲವಾ. ಗಂಡಸ ಮಗ, ಇಷ್ಟಕ್ಕ ಹೆದರೂದೇನು ಅಂತ ನಾನ ಕಳಸ್ತಿದ್ನಿ."

ಅಪ್ಪ ಬೈದಿದ್ದರೆ ಹಗುರಾಗುತ್ತಿತ್ತು. ಆಸ್ಪತ್ರೆಯಲ್ಲಿಯೂ ಅಳದಿದ್ದವಳು ಅವತ್ತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಅಂದಾನೆಪ್ಪ ಮಾಸ್ತರರು ಬಂದದ್ದು ಮಳೆಗಾಲ ಹಿಡಿದ ಮೇಲೆ. ಅವರು ಬಂದರೆ ಏನೇನು ಅನ್ನಬೇಕೆಂದು ಮುಮ್ತಾಜಬಿ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು. ಅವರು ಚಾ ಮುಟ್ಟಲಿಲ್ಲ.

"ರಾಣೆಬೆನ್ನೂರಿಗೆ ಹೋಗೂ ಬಸ್ಸಿನ್ಯಾಗ ತಲಿ ಹಿಡಕೊಂಡು ಕುಂತಿದ್ದ. ನಾ ನೋಡಿದ್ನಿ. ಕೇಳಲಿಲ್ಲ" ಎಂದರು. "ಕೇಳಿದ್ರ ನೋಯತೈತಿ ಅಂದುಬಿಟ್ಟಾನು ಅಂತ ಕೇಳಲಿಲ್ಲ, ಮುಮ್ತಾಜ. ಅವ ಇಲ್ಲದ ನನ್ನ ತಂಡ ನಿಲ್ಲತಿರಲಿಲ್ಲ."

ಜೋಡಿಸಿಟ್ಟ ಮಾತುಗಳನ್ನು ಅವಳು ಬಿಟ್ಟುಬಿಟ್ಟಳು. ಅಂದು ಮುಂಜಾನೆ ತಮ್ಮನ ಕೈಗೆ ಗುಳಿಗೆ ಕೊಟ್ಟವಳು ತಾನು.

"ಇನ್ನ ಮ್ಯಾಲರೆ ಕೇಳ್ರಿ ಸರ" ಎಂದಳು. "ಬಿದ್ದ ಹುಡುಗೂರು ಖರೇ ಹೇಳೂದಿಲ್ಲ. ಸುಳ್ಳು ಹೇಳಿದ್ರೂ ಕುಂದರಸ್ರಿ."

ಮಾಸ್ತರರು ಆ ಮಾತು ನಡೆಸಿದರು. ಮರುವರ್ಷ ಬ್ಯಾಡಗಿಯಲ್ಲೇ ಪಂದ್ಯ. ಆಟಕ್ಕೆ ಜಹಾಂಗೀರನನ್ನು ಕರೆದೊಯ್ಯದಿದ್ದರೆ ಅವನು ಬಾಗಿಲು ಬಡಿಯುತ್ತಿದ್ದ. ಹಾಗಾಗಿ ಮುಮ್ತಾಜಬಿ ಅವನ ಜೊತೆ ಮೈದಾನದ ಅಂಚಿಗೆ ಕೂತಿದ್ದಳು. ತಂಡದ ಒಳ್ಳೆಯ ಆಟಗಾರ ಸೋಮಪ್ಪ ಎದುರಾಳಿಯ ತಲೆಗೆ ತಲೆ ಹೊಡೆದುಕೊಂಡು ಬಿದ್ದ. ಎದ್ದು ನಿಂತು ಕಣ್ಣು ಉಜ್ಜಿಕೊಂಡ. ಮಾಸ್ತರರು ಅವನ ರಟ್ಟೆ ಹಿಡಿದು ಹೊರಗೆ ಕೂರಿಸಿದರು. ಮಂದಿ ಸಿಳ್ಳೆ ಹೊಡೆದರು, ಒಬ್ಬಿಬ್ಬರು ಮಣ್ಣಿನ ಹೆಂಟೆ ತೂರಿದರು. ಸೋಮಪ್ಪನ ಅಪ್ಪ ಗುಡದಪ್ಪ ಧೋತರ ಎತ್ತಿ ಕಟ್ಟಿಕೊಂಡು ಒಳಗೇ ನುಗ್ಗಿದ.

"ಆರಾಮ ಅದಾನಲ್ರಿ ಮಾಸ್ತರ! ನಾ ಅವರಪ್ಪ, ನಾ ಹೇಳಾಕತ್ತೇನಿ, ಆಡಸ್ರಿ!"

ಯಾವ ಧೈರ್ಯ ಬಂತೋ, ಮುಮ್ತಾಜಬಿ ಸೆರಗು ಬಿಗಿದುಕೊಂಡು, ತಮ್ಮನನ್ನು ಕೈಹಿಡಿದು ನಡೆಸುತ್ತ, ಅಷ್ಟು ಗಂಡಸರ ನಡುವೆ ಗೆರೆ ದಾಟಿ ಒಳಗೆ ಬಂದಳು.

"ಕಾಕಾ, ಇವನ್ನೊಮ್ಮೆ ಮಾತಾಡಸ್ರಿ."

ಗುಡದಪ್ಪ ತಡವರಿಸಿದ. ಜಹಾಂಗೀರನ ಆಟ ನೋಡಿ ಹೆಗಲ ಮೇಲೆ ಹೊತ್ತು ಕುಣಿದವರಲ್ಲಿ ಅವನೂ ಒಬ್ಬ. "ಏನಪಾ... ಆರಾಮೇನು?"

ಜಹಾಂಗೀರ ಅವನನ್ನು ದಿಟ್ಟಿಸಿದ. ತುಟಿ ಅಲುಗಿತು. ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಗುಡದಪ್ಪನನ್ನು ಬಿಟ್ಟು ಮಾಸ್ತರರ ಕಡೆ ತಿರುಗಿದ.

"ನಾ... ಆಡ್ತೇನಿ... ಸರ. ನನ್ನ ಹೆಸರು... ಬರಕೋರಿ."

ಗುಡದಪ್ಪ ಮಗನ ಹತ್ತಿರ ಹೋಗಿ, ತನ್ನ ಹೆಗಲ ಮೇಲಿನ ವಲ್ಲಿ ಅವನ ತಲೆಗೆ ಹೊದಿಸಿ, ಅವನನ್ನು ಕರೆದುಕೊಂಡು ಮನೆಯ ದಾರಿ ಹಿಡಿದ. ತಂಡ ಸೋತಿತು. ಮಾಸ್ತರರನ್ನು ಬೈಯುತ್ತಲೇ ಮಂದಿ ಚೆದುರಿದರು. ಸೋಮಪ್ಪ ತಿಂಗಳು ಬಿಟ್ಟು ಮತ್ತೆ ಆಡಿದ, ಏನೂ ಆಗಲಿಲ್ಲ. ಅಂದು ಆಡಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಅದನ್ನು ಹೇಳಬಲ್ಲವರು ಯಾರೂ ಇಲ್ಲ.

ಮನೆಗೆ ಬರುವಾಗ ಮುಮ್ತಾಜಬಿ ತಮ್ಮನ ಕೈ ಬಿಡಲಿಲ್ಲ. ಒಬ್ಬರ ಮಗನನ್ನು ಉಳಿಸಲು ತನ್ನ ತಮ್ಮನನ್ನು ಮಂದಿಯ ಮುಂದೆ ನಿಲ್ಲಿಸಿ ತೋರಿಸಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಹಳಿದುಕೊಂಡಳು. ಬೇವಿನ ಗಿಡದ ಕೆಳಗೆ ಜಹಾಂಗೀರ ದಣಿದು ನಿಂತ.

"ನಿನ್ನ ಅಲ್ಲಿ ನಿಂದರಸಬಾರದಿತ್ತೋ" ಎಂದಳು. "ಮಾಫ ಮಾಡು."

ಅವನಿಗೆ ಅದು ತಿಳಿಯಿತೋ ಇಲ್ಲವೋ. ನಡೆಯಲಾಗದೆ ಅವಳ ಹೆಗಲಿಗೆ ಗದ್ದ ಊರಿದ. ಅವಳಿಗಿಂತ ಗೇಣುದ್ದ ಎತ್ತರ ಬೆಳೆದಿದ್ದ. ಅವನ ಉಸಿರು ಸರಿಯಾಗುವ ತನಕ ಅವಳು ಅಲುಗದೆ ನಿಂತಳು. ದಾರಿಯಲ್ಲಿ ಆಟ ಮುಗಿಸಿದ ಹುಡುಗರು ಕೂಗಾಡುತ್ತ ಸೈಕಲ್ ಮೇಲೆ ಹಾದು ಹೋಗುತ್ತಿದ್ದರು.