ಒಂಬತ್ತನೇ ನಂಬರಿನ ಬಿಲ್ಲೆ

ಬೆಳಗ್ಗೆ ಏಳು ಹೊಡೆಯಿತೆಂದರೆ ಭೀಮಣ್ಣ ಚಹಾದ ಕಪ್ಪು ಕೆಳಗಿಟ್ಟು, ಕನ್ನಡಕ ಏರಿಸಿ, ಫೋನು ಕೈಗೆತ್ತಿಕೊಳ್ಳುತ್ತಿದ್ದ. ಹಡಪಸರದ ಆ ಎರಡು ಖೋಲಿಯ ಮನೆಯಲ್ಲಿ ಆಗ ಯಾರೂ ಸಪ್ಪಳ ಮಾಡಬಾರದು. ಸಪ್ಪಳ ಮಾಡಲಿಕ್ಕೆ ಇದ್ದವಳು ಹೆಂಡತಿ ಅವ್ವಮ್ಮ ಒಬ್ಬಳೇ. ಆಕೆ ದಿನವೂ ಮಾಡುತ್ತಿದ್ದಳು.

"ಶುರು ಆತೇನ್ರಿ ಹಾಜರಿ? ಎಪ್ಪತ್ತೆರಡು ವರ್ಷ ಆತು, ಇನ್ನಾ ಸಾಲಿ ಬಿಡಲಿಲ್ಲ ನೀವು."

ಭೀಮಣ್ಣ ಇಪ್ಪತ್ತು ವರ್ಷ ನೌಕಾಪಡೆಯ ಒಂದು ವಿಮಾನದಳದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಡಗಿನವರಿಗೂ ವಿಮಾನಗಳಿರುತ್ತವೆ ಎಂದು ಊರಿನವರಿಗೆ ತಿಳಿಸಿ ಹೇಳುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಅಲ್ಲಿ ಹತ್ಯಾರದ, ಅಂದರೆ ರಿಪೇರಿ ಸಾಮಾನಿನ, ಖೋಲಿಯಲ್ಲಿ ಒಂದು ದೊಡ್ಡ ಹಲಗೆ. ಹಲಗೆಯ ಮೇಲೆ ನಟ್ಟು ಬಿಗಿಯುವ ಪಾನಾ, ಸ್ಕ್ರೂಡ್ರೈವರು, ಟಾರ್ಚು ಎಲ್ಲದರ ನೆರಳು ಬರೆದಿರುತ್ತಿತ್ತು. ಒಬ್ಬ ಹತ್ಯಾರ ಒಯ್ದನೆಂದರೆ ಅದರ ಜಾಗದಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು. ಹತ್ಯಾರ ತಿರುಗಿ ಬಂದು, ಬಿಲ್ಲೆಗಳೆಲ್ಲ ಅವರವರ ಕಿಸೆ ಸೇರುವ ತನಕ ವಿಮಾನ ಏಳುವಂತಿಲ್ಲ. ಎಲ್ಲೋ ಒಳಗೆ ಉಳಿದ ಒಂದು ಪಾನಾ ಸಾಕು, ಮೇಲೆ ಹೋದವನು ಕೆಳಗೆ ಬರದಂತೆ ಮಾಡಲಿಕ್ಕೆ.

ಹಲಗೆ ಹಳೆಯದಾಗಿ ಹೊಸದು ಬಂದಾಗ ಸಾಹೇಬರು ಹಳೆಯ ಬಿಲ್ಲೆಗಳನ್ನು ನೆನಪಿಗೆಂದು ಅವರವರಿಗೇ ಕೊಟ್ಟುಬಿಟ್ಟಿದ್ದರು. ಈಗ ಉಳಿದವರು ಹತ್ತೊಂಬತ್ತು ಮಂದಿ. ಒಬ್ಬೊಬ್ಬರೂ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆ ಹೊಡೆದಿದ್ದರು. ಬೆಳಗ್ಗೆ ಎದ್ದು ಬಿಲ್ಲೆಯನ್ನು ಆ ಮೊಳೆಗೆ ಹಾಕಿ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಕಳಿಸಬೇಕು. ನಾನಿದ್ದೇನೆ ಎಂದು ಅದರ ಅರ್ಥ. ಎಂಟರೊಳಗೆ ಬರದಿದ್ದರೆ ಶಿವಾಜಿನಗರದ ಮನೋಹರ ಫೋನು ಮಾಡುತ್ತಾನೆ. ಆಗ ಹತ್ಯಾರದ ಖೋಲಿಯ ಲೆಕ್ಕ ಇಡುತ್ತಿದ್ದವನೇ ಈಗಲೂ ಲೆಕ್ಕ ಇಡುತ್ತಾನೆ. ಫೋನು ಎತ್ತದಿದ್ದರೆ ಹತ್ತಿರದಲ್ಲಿದ್ದವನು ಮನೆಗೆ ಹೋಗಿ ನೋಡುತ್ತಾನೆ. ಬಚ್ಚಲಲ್ಲಿ ಬಿದ್ದಿದ್ದ ಅವರಲ್ಲೊಬ್ಬ, ಪ್ರೇಮಕುಮಾರ, ಹಾಗೆಯೇ ಸಿಕ್ಕಿದ್ದ.

ಆ ದಿನ ಭೀಮಣ್ಣ ಒಂದೊಂದೇ ಫೋಟೋ ನೋಡುತ್ತ ಬಂದವನು ಒಂಬತ್ತನೇ ನಂಬರಿಗೆ ನಿಂತ. ದಳದ ಹಳೆಯ ಜೊತೆಗಾರ ಚನ್ನವೀರನ ಬಿಲ್ಲೆ. ರಾಂಜಣಗಾಂವದಿಂದ ಬಂದದ್ದು, ಏಳಕ್ಕೆ ಸರಿಯಾಗಿ.

"ಇದು ಯಾಕ ಹಿಂಗ ಹೊಳೀಲಿಕ್ಕತ್ತದ?"

ಅವ್ವಮ್ಮ ಬಗ್ಗಿ ನೋಡಿದಳು. "ಹೊಳದ್ರ ಹೊಳೀವಲ್ದ್ಯಾಕ. ನಿಮ್ಮದರಂಗ ಹಿಲಾಲ ಹಿಡಿದು ಹುಡುಕಬೇಕಾ?"

"ಬಿಲ್ಲಿ ತಿಕ್ಕಬಾರದು ಅವ್ವಮ್ಮ."

ಅದು ಆ ದಳದ ಕಟ್ಟಳೆ. ನೌಕಾಪಡೆಯವರು ಹಿತ್ತಾಳೆ ಕಂಡರೆ ಬಿಡುವವರಲ್ಲ. ಗಂಟೆ, ಗುಂಡಿ, ಬಾಗಿಲ ಹಿಡಿಕೆ ಎಲ್ಲ ದಿನವೂ ತಿಕ್ಕಿ ಮುಖ ಕಾಣಿಸಬೇಕು. ಬಿಲ್ಲೆಯನ್ನು ಮಾತ್ರ ಮುಟ್ಟುವಂತಿಲ್ಲ. ಒಮ್ಮೆ ಯಾರೋ ಹುರುಪಿನವನು ತಿಕ್ಕಿ ತಿಕ್ಕಿ ನಂಬರು ಸವೆಸಿದ್ದರಿಂದ, ಯಾರ ಹತ್ಯಾರ ಯಾರ ಕೈಯಲ್ಲಿ ಅಂತ ತಿಳಿಯದೆ ಒಂದು ಇಡೀ ದಿನ ವಿಮಾನಗಳು ಕೂತಲ್ಲೇ ಕೂತಿದ್ದವು. ಅಂದಿನಿಂದ ಬಿಲ್ಲೆ ಕಪ್ಪಾದಷ್ಟೂ ಅದರ ಒಡೆಯನಿಗೆ ಮರ್ಯಾದೆ. ಚನ್ನವೀರನದಂತೂ ಹಂಚಿನ ಬೆನ್ನಿನ ಹಾಗಿತ್ತು. ನಿನ್ನೆಯ ಫೋಟೋ ತೆಗೆದು ನೋಡಿದ. ಅದೂ ಹೊಳೆಯುತ್ತಿತ್ತು. ಹಿಂದೆ ಹಿಂದೆ ಹೋದ. ಹತ್ತು ದಿನದ ಹಿಂದಿನ ತನಕ ಹೊಳಪು. ಅದಕ್ಕೂ ಹಿಂದೆ ಕಪ್ಪು.

ಹತ್ತು ದಿನ ಭೀಮಣ್ಣನೂ ನೋಡಿದ್ದಾನೆ, ಕಂಡಿಲ್ಲ. ಅದು ಅವನ ಎದೆಗೆ ಚುಚ್ಚಿತು.

ಫೋನನ್ನು ಅವ್ವಮ್ಮನ ಕೈಗೆ ಕೊಟ್ಟ. ಆಕೆ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಕಣ್ಣು ಕಿರಿದು ಮಾಡಿದಳು. "ಇದು ಅಂಗಡಿ ಪುಡಿ ಅಲ್ರಿ. ಹುಣಸಿಹಣ್ಣು, ಬೂದಿ. ತೂತಿನ ಸುತ್ತ ನೋಡ್ರಿ, ಕೆಂಪನ್ನ ಛಾಯಾ ಉಳದದ. ಇದು ಹೆಂಗಸರ ಕೈ."

"ಹರಿಣಾಕ್ಷಿ," ಅಂದ ಭೀಮಣ್ಣ. ಚನ್ನವೀರನ ಹೆಂಡತಿ.

ಸಂಶಯ ಒಮ್ಮೆ ಒಳಗೆ ಹೊಕ್ಕಿತೆಂದರೆ ಉಳಿದದ್ದೆಲ್ಲ ತಾನಾಗಿ ಬಂದು ಅದರ ಬದಿಗೆ ಕೂಡುತ್ತದೆ. ಚನ್ನವೀರ ಹುಟ್ಟಾ ಸೋಮಾರಿ. ಅವನ ಫೋಟೋ ಏಳೂವರೆ, ಏಳೂಮುಕ್ಕಾಲಿಗೆ, ಮನೋಹರನ ಬೈಗುಳ ತಿಂದೇ ಬರುತ್ತಿದ್ದದ್ದು. ಈಗ ತಿಂಗಳಿಂದ ಗಡಿಯಾರದ ಮುಳ್ಳಿನಂತೆ ಏಳಕ್ಕೆ. ಮುಂಚೆ ಫೋಟೋದ ಕೆಳಗೆ ಏನಾದರೊಂದು ಕುಚೋದ್ಯ ಇರುತ್ತಿತ್ತು. ಈಗ ಬರೀ ಫೋಟೋ. ಫೋನು ಮಾಡಿದರೆ ಎತ್ತುವವಳು ಹರಿಣಾಕ್ಷಿ. ಒಮ್ಮೆ ಸ್ನಾನಕ್ಕೆ ಹೋಗಿದ್ದ, ಒಮ್ಮೆ ಮಲಗಿದ್ದ. ಹೋದ ವಾರ ಗಣಪತಿ ಗುಡಿಗೆ ನಡಕೊಂಡು ಹೋಗ್ಯಾರ ಅಂದಿದ್ದಳು. ಮೊಣಕಾಲು ಹಿಡಿದು ವರ್ಷವಾದ ಮನುಷ್ಯ ನಡೆದು ಹೋಗುವುದು ಎಲ್ಲಿಂದ?

ಮನೋಹರನಿಗೆ ಫೋನು ಹಚ್ಚಿದ.

"ಚನ್ನವೀರನ ಬಿಲ್ಲಿ ಬ್ಯಾರೆ ಯಾರೋ ಹಾಕ್ಲಿಕ್ಕತ್ತಾರ."

"ಶುರು ಮಾಡಿದಿ?" ಅಂದ ಮನೋಹರ. "ಮೂರು ವರ್ಷದ ಹಿಂದ ನಾ ಸೋಲಾಪುರಕ್ಕ ಮದವಿಗೆ ಹೋದಾಗ ಪೊಲೀಸರನ ಕರಕೊಂಡು ಬಂದು ನನ್ನ ಬಾಗಿಲ ಮುರಿಸಿದಿ. ಆ ಬಾಗಿಲ ಇನ್ನಾ ಸರಿ ಕೂಡೂದಿಲ್ಲ, ಮಾರಾಯ. ಮಳಿ ಬಂದ್ರ ಒಂದು ಸಲ ನಿನ್ನ ನೆನಸ್ತೀನಿ, ಗಾಳಿ ಬಂದ್ರ ಒಂದು ಸಲ."

"ಬಿಲ್ಲಿ ತಿಕ್ಯಾರ. ನೋಡಿದೇನು?"

"ಒಂಬತ್ತು ಬಂತು, ಒಂಬತ್ತರ ಮುಂದ ಗುರುತು ಹಾಕಿದೆ. ನಂದು ಅಷ್ಟ ಕೆಲಸ."

ಗ್ರೂಪಿನಲ್ಲಿ ಬರೆದು ನೋಡಿದ. ನಾಲ್ಕು ಮಂದಿ ನಗುವ ಮುಖ ಹಾಕಿದರು. ಬೀದರದಿಂದ ಒಬ್ಬ, 'ತನ್ನ ಮದುವೆಯಲ್ಲೂ ಇವನು ಹೆಣ್ಣಿನ ಸೆರಗು ಸರಿಸಿ ಅವಳೇನಾ ಅಂತ ನೋಡಿದ್ದ' ಎಂದು ಬರೆದ. ಅವ್ವಮ್ಮ ಅದನ್ನು ಓದಿ, "ಅದು ಖರೇ ಅದ," ಅಂದಳು.

ಭೀಮಣ್ಣ ನಗಲಿಲ್ಲ. ಅವನು ಹುಟ್ಟಿನಿಂದ ಸಂಶಯದವನಲ್ಲ. ನಲವತ್ತು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ, ವಿಮಾನ ತುರ್ತಾಗಿ ಏಳಬೇಕಿತ್ತು. ಹತ್ಯಾರ ಎಣಿಸಿ ಸಹಿ ಹಾಕುವುದು ಭೀಮಣ್ಣನ ಪಾಳಿ. ಚನ್ನವೀರ ಒದ್ದೆ ಕೈ ಒರೆಸುತ್ತ, "ಎಲ್ಲಾ ಬಂದಾವ ಬಾ," ಅಂದ. ಭೀಮಣ್ಣ ಹಲಗೆಯತ್ತ ತಿರುಗಿಯೂ ನೋಡದೆ ಸಹಿ ಹಾಕಿದ. ಮೇಲೆ ಹೋದ ಮೇಲೆ ಒಂದು ಟಾರ್ಚು ಉರುಳಿ ಪೈಲಟನ ಕಾಲಡಿಯ ಪೆಡಲಿಗೆ ಸಿಕ್ಕಿತ್ತು. ಆ ಮನುಷ್ಯ ಹೇಗೆ ಇಳಿಸಿದನೋ ದೇವರಿಗೆ ಗೊತ್ತು. ವಿಚಾರಣೆಯಲ್ಲಿ ಚನ್ನವೀರ, "ನಾನೇ ಭೀಮಣ್ಣಗ ಸುಳ್ಳು ಹೇಳಿ ಮರೆ ಮಾಡಿದೆ," ಅಂದುಬಿಟ್ಟ. ಅದು ಸುಳ್ಳು, ಅವನಿಗೆ ಮರೆತಿತ್ತು ಅಷ್ಟೇ, ಇವನು ಹಲಗೆ ನೋಡಿದ್ದರೆ ಟಾರ್ಚಿನ ಜಾಗದಲ್ಲಿ ತೂಗುತ್ತಿದ್ದ ಬಿಲ್ಲೆ ಕಾಣುತ್ತಿತ್ತು. ಚನ್ನವೀರನ ಹುದ್ದೆಯ ತೋಳಿನ ಪಟ್ಟಿ ಇಳಿಯಿತು, ಭೀಮಣ್ಣನದು ಉಳಿಯಿತು. ಇಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಅಂದಿನಿಂದ ಭೀಮಣ್ಣ 'ಎಲ್ಲಾ ಬಂದಾವ' ಎಂದು ಯಾರು ಹೇಳಿದರೂ ತಿರುಗಿ ನೋಡದೆ ಬಿಟ್ಟಿಲ್ಲ.

"ಸತ್ತಾನ ಅಂತೀನಿ ನಾ," ಅಂದ ರಾತ್ರಿ ಊಟಕ್ಕೆ ಕೂತು. "ಸತ್ತಾನ, ಈಕಿ ಮುಚ್ಚಿಟ್ಟಾಳ."

"ಯಾಕ ಮುಚ್ಚಿಡ್ತಾಳ್ರಿ? ಸತ್ತ ಗಂಡನ್ನ ಮುಚ್ಚಿಡೂದು ಸಣ್ಣ ಕೆಲಸೇನು? ವಾಡಾದಾಗ ಒಂದ ಅಂಗಳಕ್ಕ ನಾಕು ಮನಿ ಅದಾವ."

"ಹಂಗಾದ್ರ ಮಾತಾಡಸಲಿಕ್ಕೆ ಯಾಕ ಕೊಡವಲ್ಲಳು?"

ಅವ್ವಮ್ಮ ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು. ಆಮೇಲೆ, "ನಾಳೆ ಹೋಗಿ ನೋಡ್ರಿ," ಅಂದಳು. "ಪೊಲೀಸರನ್ನ ಬಿಟ್ಟು ಹೋಗ್ರಿ."

ಮರುದಿನ ಬೆಳಗ್ಗೆ ಬಸ್ಸು ಬದಲಿಸಿ, ವಾಘೋಲಿಯ ಗರ್ದಿ ದಾಟಿ, ಶಿರೂರಿನ ಕಡೆಯ ಗಾಡಿಯಲ್ಲಿ ಕಿಟಕಿಗೆ ಕೂತ. ಏಳಕ್ಕೆ ಫೋನು ತೆರೆದ. ಒಂಬತ್ತು ಬಂದಿತ್ತು, ಬೆಣ್ಣೆಯಂತೆ ಹೊಳೆಯುತ್ತ. ತನ್ನ ಹದಿನಾಲ್ಕನ್ನು ಮೊಳೆಗೆ ಹಾಕಿ, ಗ್ರೂಪಿನಲ್ಲಿ ತನ್ನ ಹೆಸರಿನಲ್ಲೇ ಇದ್ದ ಮನೆಯ ಇನ್ನೊಂದು ಫೋನಿನಿಂದ ಫೋಟೋ ಕಳಿಸುವ ಕೆಲಸ ಅವ್ವಮ್ಮನಿಗೆ ಒಪ್ಪಿಸಿ ಬಂದಿದ್ದ. ಅದೂ ಬಂತು. ಕೆಳಗೆ ಮನೋಹರ ಗುರುತು ಹಾಕಿದ. ಯಾರಿಗೂ ಏನೂ ಅನಿಸಲಿಲ್ಲ. ನಾನು ಸತ್ತಿದ್ದರೂ ಇವತ್ತಿನ ಲೆಕ್ಕ ಸರಿಯಾಗಿಯೇ ಇರುತ್ತಿತ್ತು ಎಂದು ಭೀಮಣ್ಣನಿಗೆ ಹೊಳೆಯಿತು.

ನೌಕಾಪಡೆ ಬಿಟ್ಟು ಬಂದ ಮೇಲೆ ಚನ್ನವೀರ ರಾಂಜಣಗಾಂವದ ಒಂದು ಕಾರಖಾನೆಯಲ್ಲಿ ಯಂತ್ರ ರಿಪೇರಿಗಿದ್ದು ಅಲ್ಲೇ ಮನೆ ಮಾಡಿಕೊಂಡಿದ್ದ. ಬಾಗಿಲು ಅರೆ ಮುಚ್ಚಿತ್ತು. ಅಂಗಳದ ತಂತಿಯ ಮೇಲೆ ಸೀರೆ, ಲಂಗ, ಟವೆಲು. ಗಂಡಸಿನ ಶರ್ಟು ಒಂದೂ ಇಲ್ಲ. ಭೀಮಣ್ಣ ಅದನ್ನೂ ಎಣಿಕೆಗೆ ಹಾಕಿಕೊಂಡ. ಪಕ್ಕದ ಮನೆಯ ಹೆಂಗಸು ಕಟ್ಟೆಯ ಮೇಲಿಂದ, "ಕೋಣ್ ಪಾಹಿಜೆ, ಕಾಕಾ?" ಎಂದು ಮರಾಠಿಯಲ್ಲಿ ಯಾರು ಬೇಕೆಂದು ಕೇಳಿದಳು. ಚನ್ನವೀರನ ಹೆಸರು ಹೇಳಿದ. ಆಕೆ ಅವನ ಮುಖ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೂ ಎಣಿಕೆಗೆ.

ಬಾಗಿಲಿಗೆ ಬಂದ ಹರಿಣಾಕ್ಷಿ ಅವನನ್ನು ಕಂಡು ಎರಡೂ ಕೈ ಚೌಕಟ್ಟಿಗೆ ಹಚ್ಚಿ ನಿಂತಳು.

"ಅವರಿಲ್ರಿ ಭೀಮಣ್ಣಾ. ಹೊರಗ ಹೋಗ್ಯಾರ."

"ಚಪ್ಪಲಿ ಇಲ್ಲೇ ಅದಾವಲ್ಲ ತಂಗಿ."

ಆಕೆ ಕೆಳಗೆ ನೋಡಿದಳು. ಚಪ್ಪಲಿಗಳ ಮೇಲೆ ಧೂಳು ಕೂತಿತ್ತು, ಬಹಳ ದಿನದ್ದು.

"ನಾ ಕೂಡತೀನಿ. ಬರೂ ತನಕ ಕೂಡತೀನಿ."

"ಬ್ಯಾಡ್ರಿ."

"ಇದ್ದಾನೋ ಇಲ್ಲೋ, ಅದೊಂದು ಹೇಳಿಬಿಡು, ತಂಗಿ. ನಾ ಹೋಗಿಬಿಡತೀನಿ."

ಅಷ್ಟರಲ್ಲಿ ಒಳಗಿನಿಂದ ಠಣ್ ಎಂದು ಒಂದು ಸಪ್ಪಳ. ಯಾವುದಕ್ಕೋ ತಾಗಿದ ಹಿತ್ತಾಳೆಯ ಸಪ್ಪಳ. ಮತ್ತೊಮ್ಮೆ. ಬೇಕೆಂದೇ ಬಡಿದಂತೆ ಮತ್ತೊಮ್ಮೆ. ಹರಿಣಾಕ್ಷಿಯ ಕೈ ಚೌಕಟ್ಟಿನಿಂದ ಜಾರಿತು.

ಚನ್ನವೀರ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತಿದ್ದ. ಬಲಗೈ ಮಡಿಲಲ್ಲಿ ಯಾರೋ ಇಟ್ಟು ಹೋದಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಎಡಗೈಯಲ್ಲಿ ಬಿಲ್ಲೆ. ಭೀಮಣ್ಣನನ್ನು ಕಂಡು ಏನೋ ಅಂದ. ಮಾತಲ್ಲ, ಬರೀ ದನಿ.

ಹರಿಣಾಕ್ಷಿ ಗೋಡೆಗೆ ಆನಿಕೊಂಡು ಹೇಳಿದಳು. ಲಕ್ವಾ ಹೊಡೆದು ಐದು ವಾರವಾಗಿತ್ತು. ಮಾತು ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಂದಿದ್ದರು. "ಪ್ರೇಮಕುಮಾರಣ್ಣ ಬಿದ್ದಾಗ ನೀವೆಲ್ಲ ತಂಡ ತಂಡ ಹೋದ್ರಿ. ಮೂಗಿನ ನಳಿಗಿ ಸಮೇತ ಫೋಟೋ ತಗದು ಗ್ರೂಪಿಗೆ ಹಾಕಿದ್ರಿ. ಅವತ್ತ ಇವರು ನನ್ನ ಕಡೆ ಆಣಿ ತಗೊಂಡಾರ, ನನಗ ಹಿಂಗ ಆದ್ರ ಯಾರಿಗೂ ತೋರಿಸಬ್ಯಾಡ ಅಂತ. ನಂಬರು ತಪ್ಪಿದ್ರ ನೀವು ಓಡಿ ಬರ್ತೀರಿ. ಅದಕ್ಕ ನಾನೇ ಹಾಕಿದೆ. ಅವರ ಮಾತು ನಡಸೀನಿ, ಅಷ್ಟ."

ಆ ಫೋಟೋ ತೆಗೆದವನು ಭೀಮಣ್ಣನೇ. ಅವನು ನೆಲ ನೋಡಿದ.

"ಬಿಲ್ಲಿ ಯಾಕ ತಿಕ್ಕಿದಿ ತಂಗಿ?"

"ನಾ ಬೇಕಂತ ಎಲ್ಲಿ ತಿಕ್ಕಿದೆ? ಇವರೇ ಹಟ ಮಾಡಿದ್ರು. ಹುಣಸಿಹಣ್ಣಿನ ಡಬ್ಬಿ ತೋರಸೂದು, ಬಿಲ್ಲಿ ತೋರಸೂದು. ಮೂರು ದಿನ ಊಟ ಸೈತ ಬಿಟ್ರು. ತಲಿಗೇನರೆ ಏರಿತೋ ಅಂತ ಹೆದರಿ ತಿಕ್ಕಿಕೊಟ್ಟೆ. ಕಪ್ಪಾದ್ರ ಮತ್ತ ತಿಕ್ಕು ಅಂತಾರ."

ಭೀಮಣ್ಣ ನಿಧಾನಕ್ಕೆ ಹಾಸಿಗೆಯ ಅಂಚಿಗೆ ಕೂತ. ಮಾತಿಲ್ಲ, ಬರೆಯುವ ಕೈಯಿಲ್ಲ, ಫೋನು ಹೆಂಡತಿಯ ಹತ್ತಿರ. ತಾನೇ ಹಾಕಿಸಿದ ಆಣೆಯನ್ನು ಮುರಿ ಎಂದು ಹೇಳಲಿಕ್ಕೆ ಈ ಮನುಷ್ಯನಿಗೆ ಉಳಿದಿದ್ದ ದಾರಿ ಅದೊಂದೇ: ದಳದವನು ಎಂದೂ ಮಾಡದ ತಪ್ಪನ್ನು ಮಾಡಿಸಿ, ಹದಿನೆಂಟು ಮಂದಿಯ ಕಣ್ಣ ಮುಂದೆ ತೂಗುಹಾಕುವುದು.

ಚನ್ನವೀರ ಬಿಲ್ಲೆಯನ್ನು ಮಡಿಲಲ್ಲಿಟ್ಟು ಎಡಗೈ ಎತ್ತಿದ. ಐದು ಬೆರಳು ಅಗಲಿಸಿ ತೋರಿಸಿದ. ಮಡಿಚಿ ಮತ್ತೆ ಐದು. ಆಮೇಲೆ ಒಂದು. ಹನ್ನೊಂದು ದಿನ. ಇಷ್ಟು ದಿನ ಬೇಕಾಯಿತೇ ಎಂದು ಕೇಳುವ ಮಾತು ಅವನ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

"ಹೌದಪಾ," ಅಂದ ಭೀಮಣ್ಣ. "ಹತ್ತು ದಿನ ತಿರುಗಿ ನೋಡದ ಸಹಿ ಹಾಕಿದೆ. ಮತ್ತ."

ಚನ್ನವೀರನ ಬಾಯಿಯ ಸರಿಯಿದ್ದ ಅರ್ಧ ನಕ್ಕಿತು.

"ಇನ್ನ ಎಲ್ಲಾರಿಗೂ ಹೇಳ್ತೀರೇನು?" ಹರಿಣಾಕ್ಷಿ ಕೇಳಿದಳು. ದನಿಯಲ್ಲಿ ನಂಬಿಕೆ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಭೀಮಣ್ಣ ಫೋನು ತೆಗೆದು ಆಕೆಯ ಕೈಗೆ ಕೊಟ್ಟ. "ನನ್ನ ಕೈಯಾಗ ಬ್ಯಾಡ. ನೀನ ಹಿಡಿ. ಅಂವ ಏನು ತೋರಸಂತಾನೋ ಅಷ್ಟ ತೋರಸು."

ಚನ್ನವೀರ ಬಿಲ್ಲೆ ಎತ್ತಿಕೊಂಡು ಗೋಡೆಯತ್ತ ತೋರಿಸಿದ. ಮೊಳೆ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ. ಇಬ್ಬರೂ ಹಿಡಿದು ನಿಲ್ಲಿಸಿದರು. ಎಡಗೈ ನಡುಗುತ್ತ ಹೋಗಿ ಮೊಳೆಯ ಪಕ್ಕಕ್ಕೆ ತಾಗಿತು, ಬಿಲ್ಲೆ ಬಿತ್ತು. ಭೀಮಣ್ಣ ಎತ್ತಿಕೊಟ್ಟ. ಮತ್ತೆ ಬಿತ್ತು. ಹರಿಣಾಕ್ಷಿಯ ಕೈ ತಾನಾಗಿ ಮುಂದೆ ಬಂತು, ಭೀಮಣ್ಣ ತಲೆ ಅಲ್ಲಾಡಿಸಿದ. ನಾಲ್ಕನೆಯ ಸಲಕ್ಕೆ ತೂತು ಮೊಳೆಗೆ ಸಿಕ್ಕಿತು. ಚನ್ನವೀರ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ನಡುಗುವ ಬೆರಳುಗಳನ್ನು ಬಿಲ್ಲೆಯ ಪಕ್ಕಕ್ಕೇ ಒತ್ತಿ ಹಿಡಿದು, ಫೋಟೋ ತೆಗೆ ಎಂದು ಹೆಂಡತಿಯತ್ತ ಹುಬ್ಬು ಏರಿಸಿದ.

ಹರಿಣಾಕ್ಷಿ ತೆಗೆದಳು. ಬಿಲ್ಲೆ, ಮೊಳೆ, ಒಂದು ಕೈ. ಕಳಿಸಿದಳು. ಹತ್ತೂ ನಲವತ್ತಾಗಿತ್ತು.

ಮೊದಲು ಬಂದದ್ದು ಮನೋಹರನ ಸಾಲು. ಬೆಳಗಿನ ಗುರುತು ಅಳಿಸಿ ಹೊಸದಾಗಿ ಬರೆದಿದ್ದ.

'ಒಂಬತ್ತು. ಲೇಟ್.'

ಭೀಮಣ್ಣ ಓದಿ ಹೇಳಿದ. ಚನ್ನವೀರ ಹಾಸಿಗೆಗೆ ತಿರುಗಿ ಬಂದು ಕೂತ. ತಲೆಗಿಂಬಿನ ಹತ್ತಿರ ಇದ್ದ ಹುಣಸೆಹಣ್ಣಿನ ಡಬ್ಬಿಯನ್ನು ಎಡಗೈಯಿಂದ ಹೆಂಡತಿಯ ಕಡೆಗೆ ದೂಡಿ, ಒಳಗಿಡು ಎಂದು ಕಣ್ಣಲ್ಲೇ ಹೇಳಿದ.