ಕೋಡಿಗೆ ಇಟ್ಟ ರಕ್ತ

ಕೋಡಿಯ ಕಲ್ಲಿನ ಮೇಲೆ ಕುರಿಯ ರಕ್ತ ಇನ್ನೂ ಹಸಿಯಾಗಿತ್ತು. ಆ ರಕ್ತ ಬಿದ್ದ ಮೇಲೆ ಕೆರೆ ನೀರು ಇಳಿಯುವ ತನಕ ಕೋಡಿಗೆ ಕಬ್ಬಿಣ ಮುಟ್ಟಿಸಬಾರದು, ಮುಟ್ಟಿಸಿದರೆ ಗಂಗಮ್ಮ ಮುನಿಯುತ್ತಾಳೆ ಎಂಬುದು ಊರಿನ ಕಟ್ಟು. ವೆಂಕಟರತ್ನಮ್ಮ ಹಾರೆ ಹೊತ್ತು ಕೆರೆ ಏರಿ ಹತ್ತಿದ್ದು ಆ ಕಟ್ಟು ಮುರಿಯುವುದಕ್ಕೇ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ಕಿಟಕಿಗೆ ಕಾಣುವ ಕೆರೆ ಅದು. ವರ್ಷಗಟ್ಟಲೆ ಜಾಲಿ ಬೆಳೆದು ಒಣಗಿ ಬಿದ್ದಿತ್ತು. ಈಗೀಗ ಮಳೆಗೆ ಹಿಡಿತವೇ ಇಲ್ಲ. ಬಂದರೆ ಎರಡೇ ದಿನಕ್ಕೆ ಕೆರೆ ತುಂಬಿಸಿ ಕೋಡಿ ಹರಿಸಿಬಿಡುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಈ ಕಾರ್ತಿಕದಲ್ಲಿ ಹಾಗೇ ಬಂದು ಕೆರೆ ತುಂಬಿಸಿತ್ತು. ಕೋಡಿ ಹರಿದ ನೀರು ಪಾಲಾರ್ ಸೇರಿ ತಮಿಳುನಾಡಿಗೆ ಹೋಗುತ್ತದೆ. ಅದನ್ನು ಕಂಡು ಹೊಟ್ಟೆ ಉರಿದುಕೊಂಡ ಊರು, ಕೋಡಿಯ ಮೇಲೆ ಎದೆಯೆತ್ತರ ಮರಳು ಮೂಟೆ ಪೇರಿಸಿ ಒಂದು ಹನಿಯೂ ಆಚೆ ಹೋಗದಂತೆ ಕಟ್ಟಿಬಿಟ್ಟಿತ್ತು. ಮುಂದೆ ನಿಂತು ಕಟ್ಟಿಸಿದವನು ಅವಳ ತಮ್ಮ ಬಚ್ಚಪ್ಪ.

ಅವಳ ಮನೆ ಏರಿಯ ಕೆಳಗಿನ ಬೀದಿಯಲ್ಲಿ. ಆವತ್ತು ಮಧ್ಯಾಹ್ನ ಕೊಟ್ಟಿಗೆಯ ಹಿಂದೆ, ಏರಿಯ ಬುಡದಲ್ಲಿ ನೀರು ಜಿನುಗುತ್ತಿರುವುದನ್ನು ನೋಡಿದಳು. ಕೆರೆ ತುಂಬಿದಾಗ ಜಿನುಗುವುದು ಹೊಸದೇನಲ್ಲ. ಆದರೆ ಯಾವಾಗಲೂ ತಿಳಿಯಾಗಿ ಬರುತ್ತಿದ್ದ ನೀರು ಆವತ್ತು ಕೆಂಪಗೆ, ಮಣ್ಣು ಕಲಸಿಕೊಂಡು ಬರುತ್ತಿತ್ತು. ಏರಿ ಒಳಗೊಳಗೇ ಕರಗುತ್ತಿದೆಯೋ, ಇಲ್ಲ ಹೆಗ್ಗಣ ತೋಡಿದ ಬಿಲದ ಮಣ್ಣೋ, ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದೆ ಇದ್ದದ್ದೇ ಅವಳ ಜೀವ ತಿಂದಿತು.

ಫೋನಿಗೆ ರೆಡ್ ಅಲರ್ಟ್ ಬಂದಿತ್ತು. ಅದರ ಮರ್ಯಾದೆ ಹೋಗಿ ಎಷ್ಟೋ ದಿನವಾಗಿತ್ತು. ಹಿಂದಿನ ಸಲ ಇಂಥದ್ದೇ ಬಂದಾಗ ಬೀದಿಗೆ ಬೀದಿಯೇ ಹಸು, ಕೋಳಿ, ಟಿವಿ ಹೊತ್ತುಕೊಂಡು ಸ್ಕೂಲಿನಲ್ಲಿ ಮಲಗಿತ್ತು. ಬೆಳಿಗ್ಗೆ ಸುಡು ಬಿಸಿಲಿನಲ್ಲಿ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ವಾಪಸು ಬಂದಿತ್ತು. ಈ ಸಲ ಯಾರೂ ಕದಲಲಿಲ್ಲ. ಬಾಣಂತನಕ್ಕೆ ಬಂದಿದ್ದ ಮಗಳು ಅಂಬಿಕ ಕೂಡ, "ಹಸೀ ಕೂಸು ಎತ್ಕೊಂಡು ಸ್ಕೂಲ್ ನೆಲದಾಗೆ ಮಲಗಲ್ಲ, ಓಗಮ್ಮ" ಎಂದು ಮಗ್ಗುಲಾದಳು.

ಕೋಡಿಯಲ್ಲಿ ಬಚ್ಚಪ್ಪ ಮೂಟೆಗಳ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಜೊತೆಗಾರ ಮುನೀಂದ್ರ ಕುರಿ ಕಡಿದ ಮಚ್ಚು ಒರೆಸುತ್ತಿದ್ದ. ಕಲ್ಲಿನ ಪಕ್ಕದಲ್ಲೇ ಬಾಡಿನ ಪಾಲು ಹಾಕಲು ಗಂಡಸರು ಸೇರಿದ್ದರು.

"ಮೇಲಿನ ಸಾಲು ತೆಗಿಯೋ ಬಚ್ಚ. ಏರಿ ಬುಡದಾಗೆ ಕೆಂಪು ನೀರು ಬತ್ತಾ ಐತೆ."

"ತಾತನ ಕಾಲದ ಏರಿ ಅಕ್ಕ ಅದು. ಏನೂ ಆಗಾಕಿಲ್ಲ, ಓಗು."

"ಮಳೆ ಬಿದ್ರೆ?"

"ಬೀಳದಿದ್ರೆ? ಇರೋ ನೀರೂ ಕೆಳಗಿನೋರಿಗೆ ಬಿಟ್ಟು ಬ್ಯಾಸ್ಗೇಲಿ ನಾವು ಮಣ್ಣು ತಿನ್ನಾನಾ?"

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಅದೇ ಗ್ರಹಚಾರ.

ಅವಳು ಹಾರೆ ಎತ್ತಿದಳು. ಬಚ್ಚಪ್ಪ ಕೆಳಗೆ ಹಾರಿ ಅವಳ ಕೆನ್ನೆಗೆ ಬಾರಿಸಿದ. ತಾಯಿ ಸತ್ತ ಮೇಲೆ ಅವಳ ಕೈತುತ್ತು ತಿಂದು ಬೆಳೆದ ಕೈ ಅದು. ತುಟಿ ಒಡೆಯಿತು. ಬಾಯಿಗೆ ಬಂದ ರಕ್ತವನ್ನು ಅವಳು ಕುರಿಯ ರಕ್ತದ ಮೇಲೇ ಉಗಿದಳು. "ತಗೋ ಗಂಗಮ್ಮ, ನಂದೂ ಇರ್ಲಿ" ಎಂದು ಹಾರೆಯನ್ನು ಮೂಟೆಗೆ ಇಳಿಸಿದಳು.

ಮರಳು ಸುರಿಯತೊಡಗಿತು. ಬಚ್ಚಪ್ಪ ಹರಿದ ಜಾಗಕ್ಕೆ ಕೈ ಅಡ್ಡ ಇಟ್ಟ. ಎರಡನೇ ಏಟು ಆಗಲೇ ಗಾಳಿಯಲ್ಲಿತ್ತು. ಹಾರೆಯ ಮೊನೆ ಅವನ ಬಲಗೈಯನ್ನು ಕಲ್ಲಿಗೆ ಸೇರಿಸಿ ಜಜ್ಜಿತು. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಅವನು ಕಿರುಚಿದ್ದನ್ನು ಅವಳು ಕೇಳಿದಳು. ಬೆರಳುಗಳು ತೊಗಲಿಗೆ ನೇತಾಡುತ್ತಿದ್ದುದನ್ನು ನೋಡಿದಳು. ನೋಡಿಯೂ ಮೂರನೇ ಏಟು ಹಾಕಿದಳು. ಈಗ ನಿಲ್ಲಿಸಿದರೆ ಆ ಕೈ ಸುಮ್ಮನೆ ಹೋದಂತಾಗುತ್ತದೆ ಎಂದಷ್ಟೇ ಅವಳ ತಲೆಯಲ್ಲಿತ್ತು.

ಯಾರೋ ಬಚ್ಚಪ್ಪನನ್ನು ಏರಿಗೆ ಎಳೆದುಕೊಂಡರು. ಮುನೀಂದ್ರ ಅವಳನ್ನೂ ಜಡೆ ಹಿಡಿದು ಏರಿಗೆ ಎಳೆದು ಕೆಡವಿದ. ಮಚ್ಚಿನ ಹಿಂಬದಿಯಿಂದ ಹೆಗಲಿಗೆ ಹೊಡೆದ. ಮೂಳೆ ಮುರಿದು ತೋಳು ಜೋತುಬಿತ್ತು. ಯಾರೋ ಪಕ್ಕೆಗೆ ಒದ್ದರು, ಯಾರೋ ಬೆನ್ನು ತುಳಿದರು. ಅಕ್ಕ, ಅತ್ತೆ ಎಂದು ಕರೆಯುತ್ತಿದ್ದವರ ಕಾಲುಗಳೇ ಎಲ್ಲವೂ.

"ಕೊಂದಾಕ್ರೋ ಅವ್ಳನ್ನ!" ಎಂದು ಮುನೀಂದ್ರ ಕೋಡಿಯ ಕಲ್ಲಿಗೆ ಇಳಿದು ಕೂಗುತ್ತಿದ್ದಾಗ ಮೇಲಿನ ಸಾಲು ಬಾಯಿ ಬಿಟ್ಟಿತು. ಅದರ ಹಿಂದೆಯೇ ಕೆಳಗಿನದೂ ಕುಸಿಯಿತು. ನೀರು ಮುನೀಂದ್ರನ ಕಾಲು ಕಿತ್ತು ಕಲ್ಲಿನ ಮೇಲೆ ಉರುಳಿಸಿತು. ಕುರಿಯ ತಲೆ, ಕುಂಕುಮ, ಬಾಡಿನ ಗುಡ್ಡೆ ಎಲ್ಲವನ್ನೂ ಬಳಿದುಕೊಂಡು ಭೋರೆಂದು ಹಳ್ಳಕ್ಕೆ ಬಿದ್ದಿತು. ಇನ್ನು ಯಾರೂ ಏನೂ ಮಾಡುವಂತಿರಲಿಲ್ಲ.

ಅಕ್ಕ ತಮ್ಮ ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಮಲಗಿಸಿ ಕೋಲಾರದ ಆಸ್ಪತ್ರೆಗೆ ಸಾಗಿಸಿದರು. ಅವನ ಕೈಗೆ ಸುತ್ತಿದ್ದು ಅವಳ ಸೆರಗನ್ನೇ ಹರಿದು. ಸಂಜೆಯ ಆಕಾಶದಲ್ಲಿ ಮೋಡ ಚದುರತೊಡಗಿತು. ಅವಳು ಹಲ್ಲು ಕಚ್ಚಿ ಬೇಡಿಕೊಂಡಳು. ಸುರಿಯೇ ತಾಯಿ, ಏರಿ ಒಡೆಯೋ ಅಷ್ಟು ಸುರಿ, ನಾನು ಹುಚ್ಚಿ ಅಲ್ಲ ಅಂತ ತೋರ್ಸು. ಏರಿಯ ಕೆಳಗೆ ಅಂಬಿಕ ಕೂಸಿನ ಜೊತೆ ಮಲಗಿದ್ದಾಳೆಂದು ಆಮೇಲೆ ನೆನಪಾಯಿತು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಗಟ್ಟಿಯಾಗಿ ಅತ್ತಳು.

ಒಂದು ಹನಿ ಬೀಳಲಿಲ್ಲ. "ನೋಡು" ಎಂದ ಬಚ್ಚಪ್ಪ, ಬಿಳುಚಿಕೊಂಡ ಮುಖದಲ್ಲಿ. "ಚುಕ್ಕಿ ಕಾಣ್ತಾವೆ." ಆಮೇಲೆ ಒಂದು ವರ್ಷ ಅವಳ ಜೊತೆ ಮಾತಾಡಲಿಲ್ಲ.

ಅವನ ಮೂರು ಬೆರಳು ತೆಗೆದರು. ನೀರು ಇಳಿದ ಮೇಲೆ ಏರಿಯ ಬುಡ ಒಣಗಿತು, ಹಾಗಾಗಿ ಒಳಗೆ ಏನಿತ್ತೆಂಬುದು ಯಾರಿಗೂ ತಿಳಿಯಲಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಗಾಳಿ ಕಾರಿದಾಗೆಲ್ಲ ಊರು ಅವಳ ಹೆಸರು ಹಿಡಿದು ಬೈಯಿತು. ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿನ ಮಾತು ನಿಂತುಹೋಗುತ್ತಿತ್ತು. ನೋವಿನ ಹೆಗಲು ನೀವಿಕೊಳ್ಳುತ್ತಾ, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳೂ ದಿನಾ ಕೇಳಿಕೊಳ್ಳುತ್ತಿದ್ದಳು.

ಮತ್ತೆ ಕಾರ್ತಿಕ ಬಂತು. ಕೆರೆ ಮತ್ತೆ ತುಂಬಿತು. ಮುನೀಂದ್ರ ಮತ್ತೆ ಮೂಟೆ ಪೇರಿಸಿ ಕುರಿ ಕಡಿದ. ಫೋನಿಗೆ ಮತ್ತೆ ರೆಡ್ ಅಲರ್ಟ್ ಬಂದ ದಿನ, ಮಧ್ಯಾಹ್ನ, ಬಚ್ಚಪ್ಪ ಅವಳ ಅಂಗಳಕ್ಕೆ ಬಂದು ನಿಂತ. ಎಡಗೈಯಲ್ಲಿ ಅದೇ ಹಾರೆ ಇತ್ತು.

"ಕೆಂಪು ನೀರು ಬತ್ತಾ ಐತಾ?"

"ಇಲ್ಲ ಕಣೋ. ತಿಳಿಯಾಗೈತೆ."

ಅವನು ಆಕಾಶ ನೋಡಿದ, ಏರಿ ನೋಡಿದ, ಹಬ್ಬಕ್ಕೆ ಬಂದಿದ್ದ ಅಂಬಿಕಳ ಕೂಸು ಬಾಗಿಲಲ್ಲಿ ತಪ್ಪುಹೆಜ್ಜೆ ಇಡುವುದನ್ನು ನೋಡಿದ.

"ಆದ್ರೂ ಮೇಲಿನ ಸಾಲು ತೆಗಿಯಾನ. ನಡಿ."

"ಮಳೆ ಬರ್ದಿದ್ರೆ?"

"ಇಬ್ರೂ ಬೈಸ್ಕಳಾನ."

ಕೋಡಿಯ ಹತ್ತಿರ ಗಂಡಸರು ಎದ್ದು ನಿಂತರು. ಮುನೀಂದ್ರನ ಕೈ ಮಚ್ಚಿಗೆ ಹೋಯಿತು. ಬಚ್ಚಪ್ಪ ಅವನಿಗೆ ಬೆನ್ನು ಹಾಕಿ ಅಕ್ಕನಿಗೆ ಅಡ್ಡವಾಗಿ ನಿಂತು, ಹಾರೆಯನ್ನು ಅವಳ ಕೈಗೆ ಕೊಟ್ಟ. ಉಳಿದ ಎರಡು ಬೆರಳಿನಿಂದ ಮೂಟೆಯ ಮೂಲೆ ಹಿಡಿದುಕೊಂಡ.

"ಒಡಿ ಅಕ್ಕ" ಎಂದ. "ಈ ಸಲ ಕೈ ನೋಡ್ಕಂಡು ಒಡಿ."